ವಿಮಾನ ಕಂಪನಿಗೆ ಒಪ್ಪುವೀಳ್ಯ

ನಮ್ಮ ಸೋದರತ್ತೆಯ ಎಡಗೆನ್ನೆ ಬಲಗೆನ್ನೆಗಿಂತ ಒಂದು ಸುತ್ತು ದಪ್ಪವಾಗಿತ್ತು. ಹುಟ್ಟುವಾಗ ಹಾಗಿರಲಿಲ್ಲವಂತೆ. ಕವಲಂದೆಗೆ ಸೊಸೆಯಾಗಿ ಹೋದ ಮೇಲೆ ಎಲೆಅಡಿಕೆಗೆ ಅಲ್ಲೊಂದು ಖಾಯಂ ವಸತಿ ಮಾಡಿಕೊಟ್ಟದ್ದರ ಫಲ ಅದು. ಆ ಕೆನ್ನೆ ನಿಧಾನವಾಗಿ ಆಡುತ್ತಿದ್ದರೆ ಲೋಕವ್ಯವಹಾರ ಸುಸೂತ್ರವಾಗಿದೆ ಎಂದರ್ಥ. ಆಡುವುದು ನಿಂತರೆ ಎಲ್ಲೋ ಒಂದು ಮದುವೆ ಮುರಿಯುವುದರಲ್ಲಿದೆ ಎಂದು ಮಕ್ಕಳಾದ ನಾವು ಅರ್ಥಮಾಡಿಕೊಂಡು ಹಿತ್ತಲಿಗೆ ಓಡುತ್ತಿದ್ದೆವು.

ಏಕೆಂದರೆ ಸಂಬಂಧ ಕುದುರಿಸುವುದು ಅತ್ತೆಯ ಉದ್ಯೋಗ. ಉದ್ಯೋಗ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು, 'ಸಿವಕಾರ್ಯ' ಎನ್ನಬೇಕು. ಗಂಡ ತೀರಿಕೊಂಡ ಮೇಲೆ ನಂಜನಗೂಡಿಗೆ ಬಂದು ನೆಲೆಸಿ, ಮಗನ ಸಂಸಾರದ ಜೊತೆಯಲ್ಲಿದ್ದುಕೊಂಡು ಈ ಶಿವಕಾರ್ಯವನ್ನು ಎರಡು ತಾಲ್ಲೂಕುಗಳಿಗೆ ವಿಸ್ತರಿಸಿದ್ದರು. ಕವಲಂದೆಯಿಂದ ಹಿಡಿದು ತಿ. ನರಸೀಪುರ ದಾಟಿ ಮುಡುಕುತೊರೆಯ ತನಕ ಅವರ ತಲೆಯಲ್ಲೊಂದು ಭೂಪಟವಿತ್ತು. ಸರ್ಕಾರದ ಭೂಪಟದಲ್ಲಿ ರಸ್ತೆ, ನಾಲೆ ಇರುತ್ತವೆ. ಅತ್ತೆಯ ಭೂಪಟದಲ್ಲಿ ಯಾವ ಮನೆಯಲ್ಲಿ ಓರಗಿತ್ತಿಯರು ಮಾತು ಬಿಟ್ಟಿದ್ದಾರೆ, ಯಾವ ಮನೆಯ ಯಜಮಾನ ಸಾರಿಗೆ ಉಪ್ಪು ಜಾಸ್ತಿಯಾದರೆ ತಟ್ಟೆ ಎಸೆಯುತ್ತಾನೆ ಎಂಬುದೆಲ್ಲ ಗುರುತಾಗಿರುತ್ತಿತ್ತು.

ಗಂಡಿನ ಮನೆ ನೋಡಲು ಅವರು ಹೇಳಿ ಹೋಗುತ್ತಿರಲಿಲ್ಲ. ಮಧ್ಯಾಹ್ನದ ಊಟ ಮುಗಿದು, ಮನೆಯವರು ಅಲ್ಲಲ್ಲೇ ಒರಗಿರುವ ಹೊತ್ತು ನೋಡಿಕೊಂಡು, ಮುಂಬಾಗಿಲು ಬಿಟ್ಟು ಹಿತ್ತಲ ಕಡೆಯಿಂದ ಒಳಹೊಕ್ಕು ನೀರು ಕೇಳುವುದು ಅವರ ಪದ್ಧತಿ. 'ಮುಂದ್ಗಡೆಯಿಂದ ನೋಡುದ್ರೆ ಎಲ್ಲಾ ಮನೆನೂ ಚೆಂದಾಗೇ ಕಾಣದು' ಎನ್ನುತ್ತಿದ್ದರು. ಹಿತ್ತಲು ಒಪ್ಪಿಗೆಯಾಯಿತೆಂದರೆ ಒಪ್ಪುವೀಳ್ಯ. ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಕೈ ಬದಲಾದರೆ ಮುಗಿಯಿತು, ಮಾತು ಕೊಟ್ಟ ಹಾಗೆ. ಆಮೇಲೆ ಬ್ರಹ್ಮ ಬಂದರೂ ಬದಲಿಲ್ಲ. ಅತ್ತೆ ಕೈಯಾರೆ ಕೊಟ್ಟ ವೀಳ್ಯ ಹಿಂದಕ್ಕೆ ಬಂದದ್ದಿಲ್ಲ ಎಂಬುದು ಎರಡು ತಾಲ್ಲೂಕಿನಲ್ಲೂ ಗಾದೆಯ ದರ್ಜೆಗೆ ಏರಿದ್ದ ಸಂಗತಿ.

ಇಂಥ ನಿಷ್ಕಳಂಕ ಚರಿತ್ರೆಗೆ ಇದ್ದ ಒಂದೇ ಕಳಂಕ ನಾನು. ಸ್ವಂತ ತಮ್ಮನ ಮಗಳು, ಮೂವತ್ತು ದಾಟಿದವಳು, ಮದುವೆ ಬೇಡವೆಂದು ವಿಮಾನ ಹಾರಿಸಿಕೊಂಡಿದ್ದವಳು. ಕೇಳಿದವರಿಗೆಲ್ಲ ಅತ್ತೆ, 'ನಮ್ಮ ಕೂಸು ಏರೋಪ್ಲೇನ್ ಡ್ರೈವರ್ರು. ರಜಾ ಸಿಗಾಕಿಲ್ಲ' ಎಂದು ಹೇಳಿ ಮರ್ಯಾದೆ ಉಳಿಸಿಕೊಳ್ಳುತ್ತಿದ್ದರು.

ಅದೂ ಒಂದು ದಿನ ಸುಳ್ಳಾಯಿತು. ನಾನಿದ್ದ ಪುಟ್ಟ ವಿಮಾನ ಕಂಪನಿ ಸದ್ದಿಲ್ಲದೆ ಬಾಗಿಲು ಹಾಕಿತು. ನರಸೀಪುರದಲ್ಲಿ ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತು ಬಾಗಿಲ ಕೀಲು, ಕೊಳಾಯಿ ಮಾರತೊಡಗಿದೆ. ಕೊಳ್ಳಲು ಬಂದವರು, 'ಈ ತಿರುಪು ಏರೋಪ್ಲೇನ್‌ಗೂ ಆಗ್ತದಾ ಮೇಡಂ' ಎಂದು ಗಂಭೀರವಾಗಿ ಕೇಳಿ ಹೋಗುತ್ತಿದ್ದರು. ಅರ್ಜಿ ಹಾಕಿದ್ದೆ, ಪರೀಕ್ಷೆ ಬರೆದಿದ್ದೆ, ಎರಡು ದೊಡ್ಡ ಕಂಪನಿಗಳು ಕರೆಸಿ ಸಿಮ್ಯುಲೇಟರಿನಲ್ಲಿ ಕೂರಿಸಿ ನನ್ನ ಕೈ ನೋಡಿದ್ದವು. ನೆಲದ ಮೇಲೇ ನಿಂತು ವಿಮಾನದಂತೆ ನಟಿಸುವ ಆ ಯಂತ್ರದೊಳಗೆ ನನಗೆ ನಡೆದದ್ದು ಅಕ್ಷರಶಃ ಹೆಣ್ಣು ನೋಡುವ ಶಾಸ್ತ್ರ. ಹಾಡು ಹೇಳಿಸುವ ಬದಲು ಒಂದು ಇಂಜಿನ್ ಆರಿಸಿ ಇಳಿಸು ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಆಮೇಲೆ ಒಂದೇ ವಾರದಲ್ಲಿ ಎರಡೂ ಕಂಪನಿಗಳು ಒಪ್ಪಿದವು. ಅಂಗಡಿಯಲ್ಲಿ ಗಿರಾಕಿಗೆ ಮೊಳೆ ತೂಗುತ್ತಿದ್ದವಳು ಫೋನು ನೋಡಿ ತಕ್ಕಡಿ ಕೈಬಿಟ್ಟೆ. ಮೊಳೆಗಳೆಲ್ಲ ರಸ್ತೆಗೆ ಹರಡಿದವು. ಅಪ್ಪ ಅವನ್ನು ಆರಿಸುವುದು ಬಿಟ್ಟು ಷಟರ್ ಎಳೆದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, 'ನಡಿ, ಅಕ್ಕನ್ ಮನೆಗೆ' ಎಂದರು. ನಮ್ಮಪ್ಪ ಬಾವಿ ತೋಡಿಸುವುದಕ್ಕೂ ಹಲ್ಲು ಕೀಳಿಸುವುದಕ್ಕೂ ಅಕ್ಕನನ್ನು ಕೇಳುವವರು.

ಅತ್ತೆ ಜಗಲಿಯ ಮೇಲೆ ಕೂತು ಎರಡೂ ಸಂಬಂಧಗಳ ವಿವರ ಕೇಳಿದರು. ಒಂದು ನಮ್ಮ ದೇಶದ್ದೇ ಕಂಪನಿ. ಬೆಂಗಳೂರಲ್ಲೇ ಠಾಣೆ, ಕೆಲವೇ ವರ್ಷಕ್ಕೆ ಕ್ಯಾಪ್ಟನ್ ಪಟ್ಟ, ಹೆಚ್ಚಿನ ರಾತ್ರಿ ಮನೆಯಲ್ಲೇ ನಿದ್ದೆ. ಇನ್ನೊಂದು ಮರಳುಗಾಡಿನ ದೇಶದ್ದು. ಹೊಟ್ಟೆಯೊಳಗೆ ಎರಡು ಓಣಿಯಿರುವಷ್ಟು ಅಗಲದ ವಿಮಾನಗಳು, ಸಮುದ್ರ ದಾಟಿ ಇನ್ನೊಂದು ಸಮುದ್ರ ದಾಟುವ ಹಾದಿಗಳು. ಆದರೆ ಪಟ್ಟಕ್ಕೆ ಉದ್ದನೆಯ ಸರದಿ. ಎರಡು ಕಡೆಯವರಿಗೂ ಸೋಮವಾರದೊಳಗೆ ಉತ್ತರ ಬೇಕಿತ್ತು.

ಮೊದಲು ಸೇರಿದವರೇ ಮುಂದೆ, ಕೊನೆಗೆ ಬಂದವರು ಎಲ್ಲದಕ್ಕೂ ಹಿಂದೆ ಎಂಬ ಸೀನಿಯಾರಿಟಿಯ ನಿಯಮ ವಿವರಿಸಿದೆ. 'ಕಿರೀ ಸೊಸೆ ಮುದ್ದೆ ತೊಳಸ್ಬೇಕು. ಗೊತ್ತಿರೋದೆಯ' ಎಂದರು ಅತ್ತೆ. ತರಬೇತಿ ಕೊಟ್ಟ ಮೇಲೆ ಇಷ್ಟು ವರ್ಷ ಬಿಟ್ಟು ಹೋಗಬಾರದೆಂಬ ಕರಾರಿನ ವಿಷಯ ಹೇಳಿದೆ. ಅದೂ ಅವರಿಗೆ ಹೊಸದೆನಿಸಲಿಲ್ಲ. ಕಡೆಗೆ ಎಲೆಗೆ ಸುಣ್ಣ ಸವರುತ್ತ, ಎರಡು ಮನೆಯನ್ನೂ ಕಣ್ಣಾರೆ ನೋಡದೆ ತಾನು ಏನೂ ಹೇಳುವುದಿಲ್ಲ ಎಂದು ತೀರ್ಮಾನ ಕೊಟ್ಟರು. ವಿಮಾನ ಕಂಪನಿಗೆ ಹಿತ್ತಲು ಎಲ್ಲಿರುತ್ತದೆ ಅಕ್ಕ ಎಂದು ಅಪ್ಪ ಕೇಳಿದ್ದಕ್ಕೆ, 'ದುಡುದು ಸುಸ್ತಾಗಿ ಆಳುಕಾಳು ಎಲ್ಲಿಂದ ಈಚ್ಗೆ ಬತ್ತಾರೋ ಅದೇ ಇತ್ಲು ಕಣ್ಲಾ' ಎಂದರು.

ಹೀಗಾಗಿ ಶನಿವಾರ ನಾವು ಮೂವರು ಅಪ್ಪನ ಹಳೇ ಕಾರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ದಯಮಾಡಿಸಿದೆವು. ಅತ್ತೆ ಇಳಕಲ್ ಸೀರೆ ಉಟ್ಟು, ಹಣೆತುಂಬ ವಿಭೂತಿ ಧರಿಸಿ, ಮಡಿಲಲ್ಲಿ ಒಂದು ಕೈಚೀಲ ಇಟ್ಟುಕೊಂಡಿದ್ದರು. ಬಂದವರು ಹೊರಬೀಳುವ ಬಾಗಿಲ ಎದುರು, ಹೆಸರಿನ ಹಲಗೆ ಹಿಡಿದ ಟ್ಯಾಕ್ಸಿಯವರ ನಡುವೆ ನಿಂತು, ಎರಡು ಮನೆಯ ಸಮವಸ್ತ್ರ ಯಾವುದು ಎಂದು ನನ್ನಿಂದ ತಿಳಿದುಕೊಂಡು ತಪಾಸಣೆ ಪ್ರಾರಂಭಿಸಿದರು. ಟ್ಯಾಕ್ಸಿಯವನೊಬ್ಬ, ಯಾರನ್ನು ಕಾಯುತ್ತಿದ್ದೀರಿ ಅಜ್ಜಿ ಎಂದ. 'ಗಂಡಿನ್ ಕಡೆಯೋರ' ಎಂದರು ಅತ್ತೆ, ಬಾಗಿಲಿನಿಂದ ಕಣ್ಣು ಕೀಳದೆ.

ಮೊದಲು ಬಂದವರು ಮರಳುಗಾಡಿನವರು. ಒಂದೇ ಬಣ್ಣದ ಪೆಟ್ಟಿಗೆ ಎಳೆದುಕೊಂಡು, ಶಾಲೆ ಮಕ್ಕಳ ಹಾಗೆ ಸಾಲಾಗಿ ನಡೆದು, ಒಬ್ಬರಿಗೊಬ್ಬರು ಮಾತಿಲ್ಲದೆ ಬಸ್ಸು ಹತ್ತಿ ಹೋದರು. ಇಡೀ ರಾತ್ರಿ ಹಾರಿ ಬಂದಿದ್ದಾರೆ ಎಂದು ನಾನು ಹೇಳಹೊರಟೆ. 'ಮಣ್ಣು ಮಾಡಿ ಬಂದೋರ್ ಥರ ಅವ್ರಲ್ಲ' ಎಂದು ಅತ್ತೆ ಆ ಮನೆಯ ಕಡತ ಮುಗಿಸಿದರು.

ಆಮೇಲೆ ಬೆಂಗಳೂರಿನವರು ಬಂದರು. ನಗುತ್ತಿದ್ದರು, ಯಾರೋ ಸ್ಟೀಲ್ ಡಬ್ಬಿಯಿಂದ ಕೋಡುಬಳೆ ಹಂಚುತ್ತಿದ್ದರು. ಭುಜದ ಮೇಲೆ ಕ್ಯಾಪ್ಟನ್ನಿನ ನಾಲ್ಕು ಪಟ್ಟಿಯಿದ್ದ ಒಬ್ಬ ಹೆಂಗಸು ಹಿಂದೆ ಉಳಿದಿದ್ದ ಹೊಸ ಹುಡುಗಿಗಾಗಿ ನಿಂತು ಕಾಯುತ್ತಿದ್ದಳು. ಅತ್ತೆ ಟ್ಯಾಕ್ಸಿಯವರನ್ನು ಸರಿಸಿಕೊಂಡು ನೇರ ಹೋಗಿ ಆಕೆಯ ಕೈ ಹಿಡಿದುಕೊಂಡರು. ಪುಣ್ಯಕ್ಕೆ ಆಕೆ ಹಾಸನದ ಕಡೆಯವಳು. ಊಟಕ್ಕೆ ಹೊತ್ತಿಗೆ ಸರಿಯಾಗಿ ಬಿಡುತ್ತಾರಾ, ಹುಷಾರಿಲ್ಲ ಎಂದರೆ ನಂಬುತ್ತಾರಾ, ದೊಡ್ಡವರು ಬೈಯುವಾಗ ಕೋಣೆಯೊಳಗೆ ಬೈಯುತ್ತಾರೋ ಎಲ್ಲರೆದುರು ಬೈಯುತ್ತಾರೋ ಎಂದೆಲ್ಲ ಕೇಳಿದರು. ಆ ಕ್ಯಾಪ್ಟನ್ ನಗುತ್ತ ಎಲ್ಲಕ್ಕೂ ನಿಜ ಹೇಳಿದಳು. ಏನಾದರೂ ಕೇಳಬೇಕಿದ್ದರೆ ಫೋನು ಮಾಡಿ ಎಂದು ನನಗೆ ನಂಬರನ್ನೂ ಕೊಟ್ಟಳು. ನೋಡುತ್ತಿದ್ದಂತೆ ಅತ್ತೆಯ ಕೈಚೀಲ ತೆರೆಯಿತು. ಎಲೆ, ಅಡಿಕೆ, ತೆಂಗಿನಕಾಯಿ, ರಸಬಾಳೆ. 'ನಮ್ಮ ಕೂಸು ಇನ್ಮುಂದ್ಕೆ ನಿಮ್ಮನೇದು' ಎಂದು ಅವಳ ಕೈಗಿಟ್ಟೇಬಿಟ್ಟರು. ಆಕೆ ಯಾವುದೋ ಹರಕೆಯ ಪ್ರಸಾದವೆಂದುಕೊಂಡು ಕಣ್ಣಿಗೊತ್ತಿಕೊಂಡಳು.

ನಾನು ಬಾಯಿ ಬಿಡಲಿಲ್ಲ. ಸಿಡಿಲು ಮಳೆಯ ನಡುವೆ ನೆಲದ ನಿಯಂತ್ರಕರ ಜೊತೆ ನಡುಗದೆ ಮಾತಾಡಬಲ್ಲ ನನಗೆ, ಹಿರಿಯರು ವೀಳ್ಯ ಕೊಡುವಾಗ ನಡುವೆ ಬಾಯಿ ಹಾಕುವ ತರಬೇತಿ ಯಾರೂ ಕೊಟ್ಟಿರಲಿಲ್ಲ. ದಾರಿಯುದ್ದಕ್ಕೂ ಅತ್ತೆ ಫೋನಿನಲ್ಲಿ ಕವಲಂದೆಗೆ, ಕಳಲೆಗೆ ಸುದ್ದಿ ಮುಟ್ಟಿಸಿದರು. ಕೂಸಿನದು ಬೆಂಗಳೂರಿಗೆ ಗೊತ್ತಾಯಿತು, ಒಳ್ಳೇ ಮನೆ, ನಗ್ತಾ ನಗ್ತಾ ಅವ್ರೆ. ಅಪ್ಪ ಕಾರು ಓಡಿಸುತ್ತ ತಲೆಯಾಡಿಸುತ್ತಿದ್ದರು. ಶ್ರೀರಂಗಪಟ್ಟಣ ಬರುವ ಹೊತ್ತಿಗೆ ನನ್ನ ಎದೆಯಲ್ಲಿ ಒಂದೇ ಇಂಜಿನ್ ಉಳಿದಿತ್ತು, ಅದೂ ಕೆಮ್ಮುತ್ತಿತ್ತು.

'ಅತ್ತೆ, ನಂಗೆ ಆ ಮನೆ ಬೇಡ' ಎಂದೆ.

ಕೆನ್ನೆ ನಿಂತಿತು. ಅಪ್ಪನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

'ಯಾಕವ್ವ, ಏನ್ ಕೊರತೆ ಕಂಡೆ ಆ ಮನೇಲಿ?'

'ಕೊರತೆ ಏನಿಲ್ಲ. ನಂಗೆ ಇನ್ನೊಂದು ಬೇಕು.'

'ಅದ್ನ ಅಲ್ಲೇ ಬಾಯ್ಬುಟ್ಟು ಯೋಳಕ್ಕೆ ಏನಾಗಿತ್ತು?'

'ನೀವು ಕೇಳ್ಲಿಲ್ಲ.'

ದೊಡ್ಡವರಿಗೆ ಎದುರಾಡಬೇಡ ಎಂದು ಅಪ್ಪ ಗದರಿದರು. ಅತ್ತೆ ಕೈಯೆತ್ತಿ ಅವರನ್ನು ತಡೆದರು. 'ನೀ ಸುಮ್ಕಿರ್ಲಾ. ಅವ್ಳು ಯೋಳ್ತಿರೋದು ದಿಟ. ಅವ್ರ ಊಟ ಕೇಳುದೆ, ಬೈಗ್ಳ ಕೇಳುದೆ, ಎಲ್ಲಾನೂ ಕೇಳುದೆ. ಕೂಸ್ನೇ ಕೇಳ್ನಿಲ್ಲ.' ಆಮೇಲೆ ಸೀಟಿನಲ್ಲಿ ಹೊರಳಿ ಕೂತು, ನನ್ನ ಮುಖಕ್ಕೆ ಮುಖ ಕೊಟ್ಟು, 'ಈಗ ಕೇಳ್ತಾ ಇವ್ನಿ. ಯಾವ್ದು ಬೇಕು, ಯಾಕ್ ಬೇಕು, ಯೋಳು' ಎಂದರು.

ನಾನು ಶ್ರೀರಂಗಪಟ್ಟಣದಿಂದ ನಂಜನಗೂಡಿನವರೆಗೆ ಉಸಿರು ಬಿಡದೆ ಹೇಳಿದೆ. ಮರಳುಗಾಡಿನವರ ಸಿಮ್ಯುಲೇಟರಿನಲ್ಲಿ ಆ ಮಹಾವಿಮಾನದ ಮೂಗು ಎತ್ತಿದಾಗ ಮನೆಯೊಂದು ತಾನಾಗಿ ಎದ್ದು ನಿಂತ ಹಾಗಾದದ್ದು, ಅಡ್ಡಗಾಳಿಗೆ ಇಳಿಸುವಾಗ ಅಷ್ಟು ದೊಡ್ಡ ಒಡಲು ನನ್ನ ಎರಡು ಬೆರಳಿಗೆ ಕಿವಿಗೊಟ್ಟದ್ದು, ಹೊರಗೆ ಬಂದ ಮೇಲೂ ಆ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದದ್ದು. ಪಟ್ಟ ತಡವಾದರೆ ಆಗಲಿ, ಮುದ್ದೆ ತೊಳಸುತ್ತೇನೆ, ಆದರೆ ಆ ಮನೆಯಲ್ಲೇ ತೊಳಸುತ್ತೇನೆ ಎಂದೆ. ಅಪ್ಪ ರಸ್ತೆ ನೋಡುವುದು ಬಿಟ್ಟು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಅವರ ಮಗಳು ಇಷ್ಟು ಮಾತಾಡುತ್ತಾಳೆಂದು ಅವರಿಗೂ ಅವತ್ತೇ ಗೊತ್ತಾದದ್ದು.

ಕಪಿಲೆಯ ಸೇತುವೆ ಬಂದಾಗ ಅತ್ತೆ ಒಂದು ಮಾತು ಹೇಳಿದರು. 'ನಮ್ಮಪ್ಪ ಕವಲಂದ್ಯೋರ್ಗೆ ವೀಳ್ಯ ಕೊಡ್ವಾಗ ನಾ ಇತ್ಲಲ್ಲಿ ರಾಗಿ ಬೀಸ್ತಿದ್ದೆ. ಬಂದು ಸೀರೆ ಉಟ್ಕೊ ಅಂದ್ರು. ಉಟ್ಕಂಡೆ.' ಅದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಅವರು ಹೇಳಲಿಲ್ಲ.

ಆ ರಾತ್ರಿ ನಾವು ಅತ್ತೆಯ ಮನೆಯಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಆ ಕ್ಯಾಪ್ಟನ್‌ಗೆ ಫೋನು ಮಾಡಿಕೊಡು ಎಂದರು. ನಾನೇ ಹೇಳುತ್ತೇನೆ ಬಿಡಿ, ಆಕೆಗೆ ಇದೆಲ್ಲ ಗೊತ್ತೂ ಇಲ್ಲ ಎಂದೆ. ಕೊಟ್ಟ ಕೈಯೇ ಹಿಂದಕ್ಕೆ ಕೇಳಬೇಕು ಎಂಬುದು ನಿಯಮವಂತೆ. ಜೀವಮಾನದಲ್ಲಿ ಮಾಡದಿದ್ದ ಕೆಲಸ. ಎಲೆಅಡಿಕೆ ಉಗಿದು ಬಂದು ಫೋನು ಹಿಡಿದರು. ಅಪ್ಪ ಅಂಗಳಕ್ಕೆ ಎದ್ದು ಹೋದರು. ಅವರಿಗೆ ನೋಡಲಾಗಲಿಲ್ಲ.

'ಅವ್ವಾ, ನೆನ್ನೆ ಕೊಟ್ಟ ಮಾತ್ನ ವಾಪಸ್ ತಗೋತಾ ಇವ್ನಿ. ತಪ್ಪು ನಿಮ್ಮನೇದಲ್ಲ. ತಪ್ಪು ನಂದು. ಕೂಸ್ನ ಕೇಳ್ದೆ ಕೊಟ್ಬುಟ್ಟೆ.'

ಆ ಕಡೆಯಿಂದ ಕ್ಯಾಪ್ಟನ್ ಬಹಳ ವಿನಯದಿಂದ, 'ಅಮ್ಮ, ಬಾಳೆಹಣ್ಣು ಆಗಲೇ ತಿಂದುಬಿಟ್ವಲ್ಲ' ಎಂದಳು.

'ತಿಂದಿದ್ದು ತಿಂದಾಯ್ತು ಬುಡವ್ವ, ಅದು ಲೆಕ್ಕಕ್ಕಿಲ್ಲ' ಎಂದು ಅತ್ತೆ ಆ ಬಾಬ್ತನ್ನು ವಜಾ ಮಾಡಿದರು.

ನಾನು ಮರಳುಗಾಡಿನ ಮನೆ ಸೇರಿದೆ. ಸಾಲಾಗಿ ಪೆಟ್ಟಿಗೆ ಎಳೆದುಕೊಂಡು, ಮಾತಿಲ್ಲದೆ ಬಸ್ಸು ಹತ್ತುವವರಲ್ಲಿ ಈಗ ನಾನೂ ಒಬ್ಬಳು. ಅತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಮುಂಜಾವಿನಲ್ಲಿ ನಾವು ಹಾಗೆಯೇ ಕಾಣುತ್ತೇವೆ. ಆದರೆ ಅದಕ್ಕೆ ಮೊದಲು, ಸಮುದ್ರದ ಮೇಲೆ ಬೆಳಕು ಹರಿಯುವಾಗ ನಮ್ಮ ಮುಖ ಹೇಗಿರುತ್ತದೆಂದು ಯಾವ ಹಿತ್ತಲಿನಿಂದಲೂ ಕಾಣುವುದಿಲ್ಲ.

ಅತ್ತೆಯ ಶಿವಕಾರ್ಯ ಮಾತ್ರ ಕೆಟ್ಟಿತು. ಆಮೇಲೆ ಎಲ್ಲಿಗೆ ಹೋದರೂ ಹಿತ್ತಲು ನೋಡುವ ಮೊದಲು ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಬೇಕಾ ಬೇಡವಾ ಎಂದು ಕೇಳುವ ಪರಿಪಾಠ ಹಿಡಿದರು. ಕೇಳಿದ ಮೇಲೆ ಹುಡುಗಿಯರು ಸುಮ್ಮನಿರುತ್ತಾರೆಯೇ? ಅರ್ಧಕ್ಕರ್ಧ ಸಂಬಂಧಗಳು ಅಲ್ಲೇ ನಿಂತವು. ಎರಡು ತಾಲ್ಲೂಕಿನ ತಾಯಂದಿರು ದೂರಿದರು; ಅತ್ತೆಗೆ ಅರಳುಮರಳು ಎಂದವರೂ ಉಂಟು. ಅತ್ತೆ ಎಲೆ ಮಡಚಿ ಕೆನ್ನೆಗಿಟ್ಟು, ಇನ್ನೊಂದು ಊರಿನ ಬಸ್ಸು ಹತ್ತುತ್ತಿದ್ದರು.

ಅವರು ತೀರಿಕೊಂಡಾಗ ನಾನು ಯಾವುದೋ ದೇಶದ ಹೋಟೆಲಿನಲ್ಲಿದ್ದೆ. ಮಣ್ಣಿಗೆ ಸಿಗಲಿಲ್ಲ, ಆಮೇಲಿನ ಶಿವಗಣಾರಾಧನೆಯ ಊಟಕ್ಕೆ ಬಂದೆ. ಅವರು ಕೇಳಿದ ಆ ಒಂದು ಪ್ರಶ್ನೆಗೆ ನಾನು ಕೊಟ್ಟ ಉತ್ತರದೊಳಗೇ ಇನ್ನೂ ಬದುಕುತ್ತಿದ್ದೇನೆ, ಆ ಋಣ ತೀರುವಂಥದ್ದಲ್ಲ ಎಂದು ಪಂಕ್ತಿಯಲ್ಲಿ ಕೂತು ಯೋಚಿಸುತ್ತಿದ್ದಾಗ, ಪಾಯಸ ಬಡಿಸುತ್ತಿದ್ದ ಕಳಲೆಯ ಹುಡುಗಿಯೊಬ್ಬಳು ನನ್ನೆದುರು ನಿಂತಳು. ಏರೋಪ್ಲೇನ್ ಅಕ್ಕ ನೀವೇ ಅಲ್ಲವಾ ಎಂದಳು. ಹೌದೆಂದೆ. ತನಗೂ ಅತ್ತೆ ಒಂದು ಸಂಬಂಧ ತಂದಿದ್ದರಂತೆ. ಬೇಕಾ ಎಂದು ಕೇಳಿದರಂತೆ. ಯೋಚನೆ ಮಾಡಿ ಹೇಳುತ್ತೇನೆ ಎಂದಳಂತೆ. ಅತ್ತೆ ಅವಳ ಅಪ್ಪನನ್ನು ಕರೆದು, ಅವಳು ಯೋಚನೆ ಮಾಡುತ್ತಿದ್ದಾಳೆ, ಅದು ಮುಗಿಯುವ ತನಕ ಯಾರೂ ಗಲಾಟೆ ಮಾಡಕೂಡದು ಎಂದು ಹೇಳಿ ಎದ್ದು ಹೋದರಂತೆ.

'ಆಮೇಲೆ?' ಎಂದೆ.

'ಗಂಡಿಗೆ ಬೇರೆ ಕಡೆ ಮದುವೆ ಆಯ್ತು. ನಾನು ಮೈಸೂರಲ್ಲಿ ಲಾ ಓದ್ತಾ ಇವ್ನಿ.'

'ಯೋಚನೆ?'

'ಇನ್ನೂ ಮಾಡ್ತಾ ಇವ್ನಿ ಕಣಕ್ಕ' ಎಂದು ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿ, ಅವಸರವಿಲ್ಲದೆ ಮುಂದಿನ ಎಲೆಗೆ ಹೋದಳು.