ಯಡಿಯೂರಿನಲ್ಲಿ ದಿನಕ್ಕೊಂದು ಮುತ್ತು

ಸೊಪ್ಪಿನ ಗಾಡಿಯ ಮುಂದೆ ನಿಂತು ಮೆಂತ್ಯ ಆರಿಸುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸಿಗೆ ಗಂಡನ ಮೆಸೇಜು ಬಂತು. ಇವತ್ತು ಏನು ಸಾರು ಅಂತ ಕೇಳಿದ್ದನೋ ಏನೋ. ಆಕೆ ನಕ್ಕು, ಫೋನಿನಲ್ಲಿ ಒಂದು ಧ್ವನಿತುಣುಕು ಹುಡುಕಿ, ಕಳಿಸುವ ಮೊದಲು ಒಮ್ಮೆ ಹಚ್ಚಿ ಕೇಳಿದಳು. "ಗೊತ್ತಿಲ್ರೀ... ನಾ ಹೊಸಾಕಿ ಇದ್ದೀನ್ರೀ" ಅಂದಿತು ಫೋನು. ಅದು ನನ್ನ ಧ್ವನಿ.

ಆ ಹೆಂಗಸನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ಸಖತ್ತಾಗಿದೆ ಅಲ್ವಾ?" ಅಂತ ನನ್ನನ್ನೇ ಕೇಳಿದಳು. ಸಖತ್ ಅಂದರೆ ಇಲ್ಲಿ ಭಾರಿ, ಜೋರು, ಚಂದ, ಎಲ್ಲವೂ ಹೌದು. ಬಾಯಿ ತೆರೆದರೆ ಸಿಕ್ಕಿಬೀಳುತ್ತೇನೆಂದು ಬರೀ ತಲೆಯಾಡಿಸಿ, ಮೆಂತ್ಯ ಅಲ್ಲೇ ಬಿಟ್ಟು ಮನೆಗೆ ಬಂದೆ.

ಕಲಬುರಗಿಯಲ್ಲಿ ನನ್ನನ್ನು ಬಲ್ಲ ನೀವೆಲ್ಲ ಬೆಂಗಳೂರು ಹೇಗಿದೆ ಅಂತ ಕೇಳುತ್ತಲೇ ಇದ್ದೀರಿ. ತಂಪಾಗಿದೆ ಅಂತ ಹೇಳಿ ಹಾರಿಸುತ್ತಿದ್ದೆ. ಈಗ ಇದ್ದದ್ದು ಇದ್ದಂತೆ ಹೇಳುತ್ತೇನೆ.

ಯಜಮಾನರಿಗೆ ವರ್ಗವಾಗಿ ಬಂದಾಗ ಯಡಿಯೂರು ಕೆರೆಯ ಹತ್ತಿರ ಮಹಡಿ ಮನೆ ಸಿಕ್ಕಿತು. ಕೆಳಗೆ ಮಾಲೀಕರು: ವಿಮಾ ಕಚೇರಿಯಿಂದ ನಿವೃತ್ತರಾದ ಮೂರ್ತಿ ಸಾರ್, ಅವರ ಹೆಂಡತಿ ಪದ್ಮಾ ಆಂಟಿ. ಮನೆ ತೋರಿಸುವಾಗ ಆಂಟಿ ಕೇಳಿದ ಮೊದಲ ಮಾತು, "ನೆಂಟರು ಜಾಸ್ತಿ ಬರ್ತಾರಾ?" ನಮ್ಮಲ್ಲಿ ನೆಂಟರು ಬಾರದ ಮನೆಗೆ ಏನೋ ಕೇಡು ತಗುಲಿದೆ ಅನ್ನುತ್ತಾರೆ. ಇಲ್ಲಿ ಅಂಥವರಿಗೇ ಮನೆ ಕೊಡುತ್ತಾರೆ. ಯಾರೂ ಬರೋದಿಲ್ರೀ ಅಂದೆ. ಆ ಮಾತು ನಿಜವೇ ಆಯಿತು.

ನಮ್ಮ ಓಣಿಯಲ್ಲಿ ಬಾಗಿಲ ಮುಂದೆ ಹಾದರೆ ಸಾಕು, "ಯಾಕ ನಿಂತೀರಿ, ಬರ್ರಿ ಒಳಗ, ಛಾ ಕುಡದು ಹೋಗ್ರಿ" ಅನ್ನುತ್ತಾರೆ. ಇಲ್ಲಿ ಬಾಗಿಲಿಗೆ ಒಂದು ಕಣ್ಣು ಕೂರಿಸಿರುತ್ತಾರೆ; ಒಳಗಿನಿಂದ ನೋಡಿ, ಬೇಡವಾದರೆ ತೆರೆಯುವುದೇ ಇಲ್ಲ. ಪುಂಡಿ ಸೊಪ್ಪನ್ನು ಇಲ್ಲಿ ಗೋಂಗೂರ ಅನ್ನಬೇಕೆಂದು ತಿಳಿಯುವುದಕ್ಕೇ ನನಗೆ ತಿಂಗಳುಗಟ್ಟಲೆ ಬೇಕಾಯಿತು. ಸಿಕ್ಕ ದಿನ ಪುಂಡಿಪಲ್ಯೆ ಮಾಡಿ, ಜೋಳದ ರೊಟ್ಟಿ ಬಡಿದು ಕೆಳಗೆ ಒಯ್ದೆ. ಆಂಟಿ ಬಾಗಿಲಲ್ಲೇ ಡಬ್ಬಿ ಇಸಿದುಕೊಂಡು "ಥ್ಯಾಂಕ್ಸಮ್ಮ" ಅಂದರು. ಒಳಗೆ ಬಾ ಅನ್ನಲಿಲ್ಲ. ಯಜಮಾನರು ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ನನ್ನೊಡನೆ ಮಾತಾಡುವ ಒಂದು ಜೀವ ಇರಲಿಲ್ಲ. ಕೆಲವು ದಿನ ಕುಕ್ಕರಿಗೆ ಉತ್ತರ ಕೊಟ್ಟಿದ್ದೇನೆ.

ಆದ್ದರಿಂದ ಮೂರ್ತಿ ಸಾರ್ ಒಂದು ದಿನ ಮೆಟ್ಟಿಲ ಕೆಳಗಿಂದ "ನಮ್ಮ ಕ್ವಿಜ್ ಗ್ರೂಪಿಗೆ ಸೇರ್ಕೊಳ್ಳಿ, ಬುದ್ಧಿ ಬೆಳೆಯುತ್ತೆ" ಅಂದಾಗ ನನಗೆ ಹಬ್ಬವೇ ಆಯಿತು.

ಅದು ಸಾಮಾನ್ಯ ಜ್ಞಾನದ ಆಟ. ಜಯನಗರ, ಬನಶಂಕರಿ, ಚಿಕ್ಕಲಸಂದ್ರದವರೆಗಿನ ಮಂದಿ ಅದರಲ್ಲಿದ್ದರು. ದಿನಾ ಬೆಳಿಗ್ಗೆ ಕಾಫಿಯ ಹೊತ್ತಿಗೆ ಮೂರ್ತಿ ಸಾರ್ ಒಬ್ಬೊಬ್ಬರ ಹೆಸರು ಕರೆದು ಪ್ರಶ್ನೆ ಹಾಕುತ್ತಿದ್ದರು. ಟೈಪ್ ಮಾಡುವಂತಿಲ್ಲ, ನೆಟ್‌ನಲ್ಲಿ ಹುಡುಕಿ ಬರೆಯುತ್ತಾರೆಂಬ ಅನುಮಾನ. ತಕ್ಷಣ ಬಾಯಲ್ಲೇ ಹೇಳಿ ಧ್ವನಿ ಕಳಿಸಬೇಕು. ಕೊನೆಗೆ, ಆ ದಿನದ ಅತಿ ದಡ್ಡ ಉತ್ತರಕ್ಕೆ 'ಇವತ್ತಿನ ಮುತ್ತು' ಎಂಬ ಬಿರುದು. ಆ ಧ್ವನಿಯನ್ನು ಎಲ್ಲರೂ ಉಳಿಸಿಕೊಂಡು, ದಿನವಿಡೀ ಮಾತು ಮಾತಿಗೂ ಹಚ್ಚಿ ನಗುತ್ತಾರೆ. ಬೇರೆ ಗ್ರೂಪುಗಳಿಗೂ ದಾಟಿಸುತ್ತಾರೆ.

ನನ್ನ ಮೊದಲ ಪ್ರಶ್ನೆ ಭೂತಾನಿನ ರಾಜಧಾನಿ. ನಾನು ಕೊಟ್ಟ ಉತ್ತರ ಈಗ ಸೊಪ್ಪಿನ ಗಾಡಿಯವರೆಗೆ ಹೋಗಿದೆ. ಮೂರ್ತಿ ಸಾರ್ ಅದರ ಕೆಳಗೆ ತಮ್ಮದೊಂದು ಮಾತು ಸೇರಿಸಿದ್ದರು: "ಕಲಬುರಗಿ ಬಿಸಿಲಿಗೆ ಭೂಪಟ ಕರಗಿಹೋಗಿರ್ಬೇಕು." ಅದಕ್ಕೆ ಬಿದ್ದ ನಗುಮುಖಗಳನ್ನು ಬೆರಳಿಂದ ಸರಿಸಿದಷ್ಟೂ ಮುಗಿಯಲಿಲ್ಲ. ನಮ್ಮ ಕಡೆ ಎದುರಿಗೇ ಬೈದು, ಆಮೇಲೆ ಕೂರಿಸಿ ಉಣ್ಣಿಸುತ್ತಾರೆ. ಇಲ್ಲಿ ಎದುರಿಗೆ ಬಹುವಚನ, ಹಿಂದಿನಿಂದ ಫಾರ್ವರ್ಡ್.

ಬಿಟ್ಟು ಬಾ ಅಂತ ಯಜಮಾನರು ಹೇಳಿದರು. ಬಿಟ್ಟರೆ ಆ ಕುಕ್ಕರೇ ಗತಿ. ಬಿಡಲಿಲ್ಲ. ಕಸ ಹೊಡೆಯುತ್ತ ರಾಜಧಾನಿ, ಪಾತ್ರೆ ತಿಕ್ಕುತ್ತ ನದಿಗಳು, ರೊಟ್ಟಿ ಬಡಿಯುತ್ತ ಲೋಹಗಳು. ಉತ್ತರದ ಜೊತೆಗೆ ಮಾತನ್ನೂ ತಿದ್ದಿಕೊಂಡೆ. 'ರೀ' ಕತ್ತರಿಸಿ 'ಸಾರ್' ಅಂಟಿಸಿದೆ. ಒಂದು ಬೆಳಿಗ್ಗೆ ಮೂರ್ತಿ ಸಾರ್ ಬಹಳ ಹೊತ್ತು ಬಿಟ್ಟು "ಕರೆಕ್ಟ್" ಅಂದರು. ಅದೇ ಮಧ್ಯಾಹ್ನ ಪದ್ಮಾ ಆಂಟಿ ಬಾಗಿಲು ಪೂರ್ತಿ ತೆರೆದು, "ಒಳಗ್ ಬಾಮ್ಮ, ಕಾಫಿ ಕುಡಿ" ಅಂದರು. ಸರಿ ಉತ್ತರ ಕೊಟ್ಟರೆ ಈ ಊರಿನ ಬಾಗಿಲು ತೆರೆಯುತ್ತದೆ ಅಂತ ನಾನು ನಂಬಿಬಿಟ್ಟೆ. ಆ ಬಾಗಿಲು ಮತ್ತೆ ಮುಚ್ಚಬಾರದು, ನನಗೆ ಬೇಕಾದದ್ದು ಅಷ್ಟೇ.

ಗ್ರೂಪಿನಲ್ಲಿ ಕತ್ರಿಗುಪ್ಪೆಯ ಮಂಜುನಾಥ್ ಅಂತ ಒಬ್ಬರಿದ್ದರು. ಅವರ ತಾತನ ರಾಗಿ ಹೊಲದ ಮೇಲೆ ಈಗ ಅಂಗಡಿ ಸಾಲು, ಬಾಡಿಗೆ ಮನೆ. ಓದು ಕಮ್ಮಿ. ಮೂರ್ತಿ ಸಾರ್‌ಗೆ ಅವರನ್ನು ಕೆಣಕದೆ ಕಾಫಿ ಇಳಿಯುತ್ತಿರಲಿಲ್ಲ. "ಸೈಟು ಮಾರೋರಿಗೆ ಸೌರಮಂಡಲ ಯಾಕೆ ಬೇಕು ಬಿಡಿ" ಅನ್ನುತ್ತಿದ್ದರು. ಮಂಜುನಾಥ್ ನಗುವ ಗೊಂಬೆ ಕಳಿಸಿ ಸುಮ್ಮನಾಗುತ್ತಿದ್ದರು. ಅಷ್ಟು ಸಿಟ್ಟನ್ನು ಎಲ್ಲಿ ಇಟ್ಟುಕೊಂಡಿದ್ದರೋ.

ಒಂದು ಬೆಳಿಗ್ಗೆ ಮೂರ್ತಿ ಸಾರ್ ಒಂದೇ ಪ್ರಶ್ನೆಯನ್ನು ಮೂವರಿಗೆ ಹಾಕಿದರು. ಮಾರನೆಯ ದಿನವೂ ಅದನ್ನೇ ಕೇಳಿದರು. ಮಂಜುನಾಥ್ ಅವರ ಧ್ವನಿ ಬಂತು: "ಸಾರ್, ಕ್ಯಾಸೆಟ್ ಸಿಕ್ಕಾಕೊಂಡಿದೆ, ಒಂಚೂರು ತಟ್ಟಿ." ಗ್ರೂಪು ಬಿದ್ದು ಬಿದ್ದು ನಕ್ಕಿತು. ಸುಳ್ಳು ಯಾಕೆ, ನನಗೂ ಹೊಟ್ಟೆ ತಣ್ಣಗಾಯಿತು.

ಕೇಳಿದ್ದನ್ನೇ ಕೇಳುತ್ತಾರೆಂದು ಗ್ರೂಪಿನವರು ಆಮೇಲೆ ಮತ ಹಾಕಿ, ಪ್ರಶ್ನೆ ಕೇಳುವ ಕೆಲಸವನ್ನು ಅವರಿಂದ ತೆಗೆದು ನನಗೆ ಕೊಟ್ಟರು. ದಿನಾ ತಪ್ಪದೆ ಆಡುವವಳು ನಾನೇ ಅಂತೆ. "ಈಗ ನೀವು ನಮ್ಮೋರು ಮೇಡಂ" ಅಂತ ಮಂಜುನಾಥ್ ಅಂದರು. ಮೂರ್ತಿ ಸಾರ್ ಬಿಟ್ಟು ಹೋಗಲಿಲ್ಲ. "ನಾನೂ ಆಡ್ತೀನಿ. ಆಡೋದು ಹೇಗೆ ಅಂತ ನಿಮಗೆಲ್ಲ ತೋರಿಸ್ತೀನಿ" ಅಂದರು.

ಆ ಸಂಜೆ ಪದ್ಮಾ ಆಂಟಿ ಮೊದಲ ಸಲ ಮಹಡಿ ಹತ್ತಿ ಬಂದರು.

"ಅವ್ರಿಗೆ ಮರೆವು ಶುರುವಾಗಿದೆಯಮ್ಮ. ಡಾಕ್ಟ್ರು ಹೇಳಿದ್ದಾರೆ. ಯಾರಿಗೂ ಹೇಳ್ಬೇಡ."

"ಹಂಗಾದ್ರೆ ಆಟ ಬಿಡಿಸ್ರಿ ಆಂಟಿ."

"ಬಿಡ್ಸಿದ್ರೆ ದಿನವಿಡೀ ಕಿಟಕಿ ಹತ್ರ ಕೂತಿರ್ತಾರೆ. ಅವ್ರಿಗೆ ಬರೋ ಅಂಥದ್ದೇ ಕೇಳು. ರಾಜಧಾನಿ ಕೇಳು. ಅದನ್ನ ಅವ್ರು ಮರೆಯಲ್ಲ."

ಮೂರ್ತಿ ಸಾರ್ ಎಲ್ಲರಿಗೂ ಹಾಕುತ್ತಿದ್ದ, ನನಗೂ ಹಾಕಿದ್ದ ಭೂತಾನನ್ನೇ ಮರುದಿನ ಅವರಿಗೆ ಹಾಕಿದೆ. ಅದಕ್ಕಿಂತ ಸುಲಭದ್ದು ಅವರಿಗೆ ಇನ್ನೊಂದಿರಲಿಲ್ಲ. ಕೊನೆಗೂ ಧ್ವನಿ ಬಂತು. ಮೊದಲು ಫ್ಯಾನಿನ ಸದ್ದು. ಆಮೇಲೆ ಆಂಟಿಯ ಪಿಸುಮಾತು, "ರೀ, ಥಿಂಪು ಅನ್ನಿ... ಥಿಂಪು." ಅದರ ಹಿಂದೆಯೇ ಮೂರ್ತಿ ಸಾರ್ ಅವರ ಗಟ್ಟಿ ದನಿ: "ಯಾಕೆ ಅನ್ಬೇಕು? ಯಾರದು?"

ಗುಂಡಿ ಒತ್ತಿಹಿಡಿದಿದ್ದು ಆಂಟಿಯೇ. ಒತ್ತಿದ ಕ್ಷಣದಿಂದಲೇ ಎಲ್ಲ ದಾಖಲಾಗುತ್ತದೆಂದು ಅವರಿಗೆ ಹೊಳೆದಿರಲಿಲ್ಲ.

ನಾನು ಇವತ್ತು ಮುತ್ತು ಬೇಡ ಅಂತ ಧ್ವನಿ ಕಳಿಸುವಷ್ಟರಲ್ಲಿ ಮಂಜುನಾಥ್ ಅದನ್ನು ದಾಟಿಸಿಯಾಗಿತ್ತು. "ರೂಲ್ಸ್ ಮಾಡಿದ್ದು ಅವ್ರೇ ಮೇಡಂ, ನಾವಲ್ಲ" ಅಂದರು. ಮಧ್ಯಾಹ್ನದ ಹೊತ್ತಿಗೆ ಯಾರು ಏನು ಕೇಳಿದರೂ "ಯಾಕೆ ಅನ್ಬೇಕು? ಯಾರದು?" ಪಾರ್ಕಿನ ಬೆಂಚಿನ ಮೇಲೆ, ಹಾಲಿನ ಬೂತಿನ ಮುಂದೆ, ಎಲ್ಲೆಲ್ಲೂ ಅದೇ. ಆಂಟಿಯೂ ಆ ಗ್ರೂಪಿನಲ್ಲಿದ್ದರು. ಎಲ್ಲವನ್ನೂ ಕೇಳಿದರು.

ಮರುದಿನ ಅವರು ಮೆಟ್ಟಿಲ ಮೇಲೆಯೇ ನಿಂತು ಹೇಳಿದರು. "ಮಗಳು ಬರ್ತಾಳಮ್ಮ. ಮನೆ ಖಾಲಿ ಮಾಡ್ಕೊಡಿ."

"ಆಂಟಿ, ನೀವೇ ಹೇಳಿದ್ರಲ್ರೀ, ರಾಜಧಾನಿ ಕೇಳಂತ."

"ಹೂಂ, ಹೇಳ್ದೆ. ಭೂತಾನ್ನೇ ಹುಡುಕಿ ಕೇಳು ಅಂತ ಹೇಳಿದ್ನಾ? ನಿನ್ನ ಸೇಡು ನೀನು ತೀರಿಸ್ಕೊಂಡೆ ಬಿಡು."

ಸೇಡಲ್ಲ ಅಂತ ಎಷ್ಟು ಹೇಳಿದರೂ ಅವರು ತಿರುಗಿ ನೋಡಲಿಲ್ಲ. ನಾನು ಗ್ರೂಪು ಬಿಟ್ಟೆ. ಬಿಟ್ಟದ್ದಕ್ಕೆ ಅಲ್ಲಿ ಏನು ನಕ್ಕರೋ ತಿಳಿಯದು. ಊರಿಗೆ ಬಂದುಬಿಡಲೇ ಅಂತ ತಂಗಿಗೆ ಫೋನು ಮಾಡಿದರೆ ಆಕೆ ನನ್ನ ಕಥೆಯನ್ನೆಲ್ಲ ಕೇಳಿ, "ಅಕ್ಕಾ, ನೀ ಭಾಳ ಬೆಂಗಳೂರಾಕಿ ಆಗೀ. ಹಿಂಗ ಮಾತಾಡಕೋತ ಬಂದ್ರ ಓಣ್ಯಾಗ ನಗ್ತಾರ" ಅಂದಳು. ಅವಳು ಮಾತ್ರ ಆಗಲೇ ನಗುತ್ತಿದ್ದಳು.

ಚಿಕ್ಕಲಸಂದ್ರದಲ್ಲಿ ಮನೆ ಹಿಡಿದೆವು. ಸಾಮಾನು ಸಾಗಿಸುವ ಬೆಳಿಗ್ಗೆ ಆಂಟಿ ಹೊರಗೆ ಬರಲಿಲ್ಲ. ಮೂರ್ತಿ ಸಾರ್ ಗೇಟಿನ ಹತ್ತಿರ ನಿಂತು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೆಂಪೋದಲ್ಲಿದ್ದ ನಮ್ಮ ಗಂಟುಮೂಟೆಗಳನ್ನು ನೋಡುತ್ತಿದ್ದರು. ನನ್ನನ್ನು ಕಂಡು ಬಹಳ ಮರ್ಯಾದೆಯಿಂದ ಕೈ ಮುಗಿದರು.

"ಹೊಸದಾಗಿ ಬಾಡಿಗೆಗೆ ಬಂದೋರಾ? ಯಾವೂರು ನಿಮ್ದು?"

ಅಷ್ಟು ಮೃದುವಾಗಿ ಅವರು ನನ್ನನ್ನು ಎಂದೂ ಏನೂ ಕೇಳಿರಲಿಲ್ಲ. ನನಗೆ ಅಳು ಬಂತು.

"ಇಲ್ಲೇ ಸಾರ್. ಯಡಿಯೂರು."

ಅವರು ನನ್ನ ಮುಖವನ್ನೇ ನೋಡಿದರು. ಕಣ್ಣಿಗೆ ಹಳೆಯ ಹೊಳಪು ಬಂತು.

"ತಪ್ಪು. ಸರಿ ಉತ್ತರ ಹೇಳಿ."

ಕಲಬುರಗಿ ಅನ್ನಬೇಕೆಂದು ಬಾಯಿ ತೆರೆದೆ. ತಂಗಿಯ ನಗು ನೆನಪಾಗಿ ಅದು ಬರಲಿಲ್ಲ. ಅವರು ಕೈಗಡಿಯಾರ ನೋಡಿಕೊಂಡರು.

"ಟೈಮ್ ಆಯ್ತು" ಅಂದರು ಮೂರ್ತಿ ಸಾರ್, ಗೇಟು ಹಾಕಿಕೊಂಡು ಒಳಗೆ ಹೋದರು.