ಶಿಡ್ಲಘಟ್ಟದ ಅಂಗಳದಲ್ಲಿ ನಾನೇ ಬದಲಿಸಿದ ಬ್ರೇಕು

"ಆವು ಮೇತ ಮೇಯಟ್ಲೇದಮ್ಮಾ" ಎಂದರು ಆ ರೈತರು. ಸಾದಲಿ ಕಡೆಯ ಪಶು ಆಸ್ಪತ್ರೆಯಲ್ಲಿ ವೈದ್ಯೆಯಾಗಿ ನನ್ನ ಮೊದಲ ದಿನ, ನನ್ನ ಕಿವಿಗೆ ಬಿದ್ದ ಮೊದಲ ಮಾತು. ನನಗೆ ಕೇಳಿಸಿದ್ದು ಹಾವು. "ಎಲ್ಲಿ ಕಚ್ಚೇತ್ರೀ?" ಎನ್ನುತ್ತಾ ವಿಷಕ್ಕೆ ಕೊಡುವ ಔಷಧಿ ಇದೆಯೇ ಎಂದು ಕಪಾಟಿಗೆ ಓಡಿದೆ. ಹಿಂದಿನಿಂದ ನಗು ಕೇಳಿಸಿತು. ತಮ್ಮ ಹಸು ಮೇವು ಮುಟ್ಟುತ್ತಿಲ್ಲ ಎಂದಷ್ಟೇ ಅವರು ತೆಲುಗಿನಲ್ಲಿ ಹೇಳಿದ್ದರು. ತೆಲುಗಿನ ಆವು ಎಂದರೆ ನಮ್ಮ ಆಕಳು. ಆ ಹೊತ್ತು ಅಲ್ಲಿ ನಗದೆ ಇದ್ದದ್ದು ನಾನು ಮತ್ತು ಬಾಗಿಲ ಬಳಿ ಕಟ್ಟಿದ್ದ ಆ ಹಸು, ಇಬ್ಬರೇ.

ವಿಜಯಪುರದ ಕಡೆಯ ಓದುಗರಾದ ನೀವು ನಂಬಲಿಕ್ಕಿಲ್ಲ, ಇದೂ ಕರ್ನಾಟಕವೇ. ನಾನು ನಮ್ಮೂರು ಇಂಡಿಯಿಂದ ಹಳೆಯ ಚಿಕ್ಕ ಕಾರಿನಲ್ಲಿ ಎರಡು ಟ್ರಂಕು, ಒಂದು ಚೀಲ ಜೋಳದ ಹಿಟ್ಟು ಹೇರಿಕೊಂಡು ಇಡೀ ದಿನ ಓಡಿಸಿ ಬಂದಾಗ, ರಾಜ್ಯದ ಗಡಿ ದಾಟಿರಲಿಲ್ಲ. ಆದರೂ ಶಿಡ್ಲಘಟ್ಟದ ಮೊದಲ ಬೆಳಿಗ್ಗೆ ಎಚ್ಚರವಾದದ್ದು ಎಂದೂ ಮೂಸದ ವಾಸನೆಯಿಂದ. ಏನೋ ಕೊಳೆತಂತೆ, ಏನೋ ಬೇಯುತ್ತಿರುವಂತೆ. ರೇಷ್ಮೆ ಗೂಡುಗಳನ್ನು ಬಿಸಿನೀರಿನಲ್ಲಿ ಹಾಕಿ ನೂಲು ತೆಗೆಯುವ ಮನೆಗಳು ನಮ್ಮ ಬೀದಿಯ ಆಚೆಗೇ ಇದ್ದವು. ಒಂದು ತಿಂಗಳು ಮೂಗು ಮುಚ್ಚಿಕೊಂಡು ಓಡಾಡಿದೆ. ಈಗ ರಜೆಯಲ್ಲಿ ಊರಿಗೆ ಬಂದರೆ ಬೆಳಗಿನ ಗಾಳಿ ಖಾಲಿ ಅನ್ನಿಸುತ್ತದೆ.

ಮನೆ ಸಿಗಲು ಕಷ್ಟವಾಯಿತು. ಎಲ್ಲ ಕಡೆ ಒಂದೇ ಪ್ರಶ್ನೆ, "ಒಬ್ರೇನಾ?" ಕೊನೆಗೆ ಮಹಡಿಯ ಎರಡು ಕೋಣೆ ಕೊಟ್ಟವರು ರಾಮಕ್ಕ. ಅರವತ್ತು ದಾಟಿದವರು, ಕೆಳಗಡೆ ಮಗ ಸೊಸೆಯ ಜೊತೆ ಇರುತ್ತಾರೆ, ಸಾದಲಿ ಹತ್ತಿರ ಹಿಪ್ಪುನೇರಳೆ ತೋಟವಿದೆ. ಅವರೂ ಅದೇ ಪ್ರಶ್ನೆ ಕೇಳಿದರು, ಆದರೆ ಉತ್ತರಕ್ಕೆ ಕಾಯಲಿಲ್ಲ. "ಒಬ್ಳೇನಾ? ಮುದ್ದೆ ತಿಂತೀಯಾ? ಹಂಗಾದ್ರೆ ಬಾಮ್ಮ" ಎಂದರು. ನಾನು ಮುದ್ದೆ ತಿಂದಿರಲಿಲ್ಲ. "ತಿಂತೀನ್ರೀ" ಎಂದೆ. ಮೊದಲ ರಾತ್ರಿ ಬಸ್ಸಾರಿನ ಜೊತೆ ಮುದ್ದೆ ಬಂತು. ಬಸ್ಸಾರು ಎಂದರೆ ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿಗೆ ಖಾರ ಅರೆದು ಹಾಕಿ ಮಾಡುವ ಸಾರು. ರೊಟ್ಟಿ ಮುರಿದು ಅಗಿಯುವ ಅಭ್ಯಾಸದವಳು ಮುದ್ದೆಯನ್ನೂ ಅಗಿದೆ. ಹಲ್ಲಿಗೆ ಅಂಟಿತು. "ನುಂಗ್ಬೇಕು ಕಣಮ್ಮ, ಅಗೀಬಾರ್ದು" ಎಂದು ರಾಮಕ್ಕ ತಾವೇ ಒಂದು ತುತ್ತು ನುಂಗಿ ತೋರಿಸಿದರು.

ಒಳ್ಳೆಯ ಜನ, ನಿಜ. ಆದರೆ ಹೊಸ ಊರಿನಲ್ಲಿ ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ಕೇಳುತ್ತಲೇ ಇರಬೇಕು. ನೀರಿನ ಟ್ಯಾಂಕರಿಗೆ ರಾಮಕ್ಕನ ಮಗ, ಗ್ಯಾಸಿಗೆ ಸೊಸೆ, ಹಳ್ಳಿಯ ದಾರಿಗೆ ಆಸ್ಪತ್ರೆಯ ಸಹಾಯಕ, ತೆಲುಗಿಗೆ ಯಾರು ಸಿಕ್ಕರೆ ಅವರು. ನಮ್ಮೂರಿನಲ್ಲಿ ನಾಲ್ಕು ಮಂದಿ ನನ್ನನ್ನು ಕೇಳಿಕೊಂಡು ಬರುತ್ತಿದ್ದರು. ಇಲ್ಲಿ ನಲವತ್ತು ದಾಟಿದ ನಾನು ಎಲ್ಲರ ಕೈ ಹಿಡಿದುಕೊಂಡು ನಡೆಯುವ ಮಗುವಾಗಿದ್ದೆ. ಭಾನುವಾರಗಳು ಉದ್ದವಾಗಿರುತ್ತಿದ್ದವು. ಅವ್ವನಿಗೆ ಫೋನ್ ಮಾಡಿ ಎಲ್ಲ ಛಲೋ ಐತಿ ಎಂದು ಹೇಳಿ, ಫೋನ್ ಇಟ್ಟ ಮೇಲೆ ಗೋಡೆ ನೋಡುತ್ತಾ ಕೂರುತ್ತಿದ್ದೆ.

ಕಾರು ಮಾತ್ರ ನನ್ನದಾಗಿತ್ತು. ಹಳ್ಳಿಗಳಿಗೆ ಹೋಗಲು ಅದೇ ಗತಿ. ಲಸಿಕೆ ಹಾಕುವ ಕಾಲದಲ್ಲಿ ಒಮ್ಮೆ ಚಿಂತಾಮಣಿ ಕಡೆಗೆ, ಒಮ್ಮೆ ಗೌರಿಬಿದನೂರಿನ ಅಲೀಪುರದವರೆಗೂ ಅದರಲ್ಲೇ ಹೋಗಿದ್ದೆ. ಬ್ರೇಕ್ ಒತ್ತಿದಾಗ ಮುಂದಿನ ಚಕ್ರಗಳಿಂದ ಕರ್ ಎಂಬ ಸದ್ದು ಶುರುವಾಗಿ ಕೆಲವು ದಿನಗಳಾಗಿದ್ದವು. ಧೂಳಿರಬೇಕು ಎಂದು ಸುಮ್ಮನಿದ್ದೆ. ತಪ್ಪು ನನ್ನದೇ.

ಒಂದು ಬೆಳಿಗ್ಗೆ ರಾಮಕ್ಕನನ್ನು ತೋಟಕ್ಕೆ ಬಿಡಲು ಕೂರಿಸಿಕೊಂಡು ಹೊರಟೆ. ಇಳಿಜಾರಿನ ತಿರುವಿನಲ್ಲಿ ರಸ್ತೆಯ ತುಂಬ ಕುರಿ. ಬ್ರೇಕ್ ಒತ್ತಿದೆ. ಪೆಡಲ್ ಕಾಲಿನ ಕೆಳಗೆ ನಡುಗಿತು, ಸ್ಟೀರಿಂಗ್ ಕೈಯಲ್ಲಿ ಅದುರಿತು, ಕಾರು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಕೈಬ್ರೇಕನ್ನೂ ಎಳೆದೆ. ಕೊನೆಯ ಕುರಿಯ ಬಾಲಕ್ಕೂ ಬಂಪರಿಗೂ ಒಂದು ಗೇಣು ಉಳಿದಾಗ ನಿಂತಿತು. ಕುರಿ ಕಾಯುವವರು ತೆಲುಗಿನಲ್ಲಿ ಬೈದರು. ಅಷ್ಟು ತೆಲುಗು ಅಷ್ಟು ಹೊತ್ತಿಗೆ ನನಗೆ ಅರ್ಥವಾಗುತ್ತಿತ್ತು. ರಾಮಕ್ಕ ಬುಟ್ಟಿ ಎತ್ತಿಕೊಂಡರು. ಬಾಗಿಲು ತೆಗೆದು ಇಳಿದರು, ಸೆರಗು ಸರಿಮಾಡಿಕೊಂಡರು.

"ನೀನು ನಿಧಾನಕ್ಕೆ ಬಾಮ್ಮ. ನಂಗೆ ಬಸ್ಸೇ ಸಾಕು."

ಅವರು ನಡೆದುಕೊಂಡು ಹೋಗುವುದನ್ನು ನೋಡುತ್ತಾ ಸ್ಟೀರಿಂಗ್ ಹಿಡಿದು ಕುಳಿತಿದ್ದೆ. ಈ ಊರಿನಲ್ಲಿ ನನ್ನನ್ನು ನಂಬಿದ ಮೊದಲ ಮನುಷ್ಯರು ನನ್ನ ಕಾರಿನಿಂದ ಇಳಿದು ಹೋಗಿದ್ದರು.

ಕಾರನ್ನು ಮೊದಲನೇ ಗೇರಿನಲ್ಲೇ ಉರುಳಿಸಿಕೊಂಡು ಅಮ್ಜದ್ ಅವರ ಗ್ಯಾರೇಜಿಗೆ ತಂದೆ. ಅವರ ತಾಯಿಯ ಮೇಕೆ ಮರಿ ಹಾಕಲಾರದೆ ಒದ್ದಾಡಿದಾಗ ನಾನೇ ಹೋಗಿದ್ದೆ, ಹಾಗಾಗಿ ಪರಿಚಯ. ಆದರೆ ಷಟರ್ ಅರ್ಧ ಇಳಿದಿತ್ತು. ಅಮ್ಜದ್ ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಕೊಂಡು ಕುಳಿತಿದ್ದರು. ಬೈಕಿನಿಂದ ಬಿದ್ದಿದ್ದರಂತೆ. ಬಗ್ಗಿ, ಚಕ್ರದ ಸಂದಿಗೆ ಟಾರ್ಚ್ ಬಿಟ್ಟು ನೋಡಿದರು.

"ಪ್ಯಾಡ್ ಪೂರ್ತಿ ಖಾಲಿ ಮೇಡಂ. ಕಬ್ಬಿಣ ಡಿಸ್ಕನ್ನ ತಿಂತಾ ಐತೆ. ಎರಡೂ ಕಡೆ ಪ್ಯಾಡು, ಡಿಸ್ಕು ಹೊಸದು ಹಾಕ್ಬೇಕು."

ಓದುಗರಲ್ಲಿ ಕಾರಿನ ಗೊಡವೆ ಇಲ್ಲದವರಿಗೆ ಹೇಳುತ್ತೇನೆ. ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆ. ಅದನ್ನು ಎರಡು ಕಡೆಯಿಂದ ಅವುಚಿ ನಿಲ್ಲಿಸುವ ಹಲಗೆಗಳೇ ಪ್ಯಾಡು. ಅವುಗಳನ್ನು ಹಿಡಿದು ಒತ್ತುವ ಇಕ್ಕಳದಂಥದ್ದು ಕ್ಯಾಲಿಪರ್.

"ಬೇರೆ ಯಾರ ಹತ್ರ ಹೋಗ್ಲಿ?" ಎಂದು ಕೇಳಿದೆ.

ಅಮ್ಜದ್ ನನ್ನ ಕೈಗಳನ್ನು ನೋಡಿದರು. "ಮೇಕೆ ಹೊಟ್ಟೆ ಒಳಗೆ ಕೈ ಹಾಕಿ ಅಡ್ಡ ತಿರುಗಿದ್ದ ಮರೀನ ಸರಿ ಮಾಡಿ ತೆಗೆದ್ರಿ. ಇದ್ರಲ್ಲಿ ಎಲ್ಲಾ ಕಣ್ಣಿಗೆ ಕಾಣ್ತದೆ ಮೇಡಂ. ನೀವೇ ಹಾಕಿ. ಪಾನಾ ನಾನು ಕೊಡ್ತೀನಿ."

ಪಾನಾ! ಇಲ್ಲಿ ಎಲ್ಲರೂ ಸ್ಪ್ಯಾನರ್ ಅನ್ನುತ್ತಾರೆ. ಅವರ ಮನೆಯ ಉರ್ದುವಿನಿಂದ ಬಂದ ಮಾತು ನಮ್ಮ ಕಡೆಯ ಮಾತೂ ಆಗಿತ್ತು. ನನ್ನ ಅಪ್ಪ ಪಂಪ್‌ಸೆಟ್ ರಿಪೇರಿ ಮಾಡುವಾಗ "ಪಾನಾ ತಾ" ಎಂದೇ ಕೂಗುತ್ತಿದ್ದದ್ದು. ಆ ಒಂದು ಪದಕ್ಕೇ ಇರಬೇಕು, "ಹೂಂ, ನಾನೇ ಹಾಕ್ತೀನಿ" ಎಂದುಬಿಟ್ಟೆ.

ಅಮ್ಜದ್ ಅರ್ಧ ಗಂಟೆ ಬಾಯಲ್ಲೇ ಪಾಠ ಮಾಡಿದರು. ನಾನು ಔಷಧಿ ಚೀಟಿಯ ಹಿಂದೆ ಬರೆದುಕೊಂಡೆ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಕೈಕಾಲು ಹಾಕಬಾರದು ಎಂದು ಮೂರು ಸಲ ಹೇಳಿ, ಎರಡು ಕಬ್ಬಿಣದ ಸ್ಟ್ಯಾಂಡು ಕೊಟ್ಟರು. ಕಾರನ್ನು ಹಾಗೇ ಮೊದಲನೇ ಗೇರಿನಲ್ಲಿ ಮನೆಗೆ ತಂದೆ. ಮರುದಿನ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಬಿಡಿಭಾಗ ತಂದೆ. ಅಂಗಡಿಯವರು "ಯಾವ ಗ್ಯಾರೇಜಿಗೆ ಮೇಡಂ?" ಎಂದರು. "ನಮ್ಮನೆ ಅಂಗಳಕ್ಕೆ" ಎಂದೆ.

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ, ಕಾರು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಜೋರಾಗಿ ಅಲ್ಲಾಡಿಸಿ ನೋಡಿದೆ. ಕದಲಲಿಲ್ಲ. ಚಕ್ರ ಬಿಚ್ಚಿದೆ. ಕ್ಯಾಲಿಪರ್ ಬಿಚ್ಚಿದಾಗ ಅಮ್ಜದ್ ಹೇಳಿದ್ದು ನೆನಪಾಯಿತು, ಅದನ್ನು ಬ್ರೇಕ್ ಎಣ್ಣೆಯ ಪೈಪಿಗೆ ಜೋತುಬಿಡಬಾರದು. ತಂತಿ ಸಿಗಲಿಲ್ಲ. ಆಕಳ ಕಾಲಿಗೆ ಸುತ್ತುವ ಬ್ಯಾಂಡೇಜ್ ತಂದು ಕ್ಯಾಲಿಪರನ್ನು ಚಕ್ರದ ಮೇಲಿನ ದಪ್ಪ ಸ್ಪ್ರಿಂಗಿಗೆ ತೂಗುಹಾಕಿದೆ. ನನ್ನ ಕಸುಬಿನ ಗಂಟು ಅದು, ಬಿಚ್ಚಿಕೊಳ್ಳುವುದಿಲ್ಲ.

ರಾಮಕ್ಕ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಕುರಿಯ ಘಟನೆಯ ನಂತರ ನಮ್ಮ ನಡುವೆ ಮಾತು ಕಡಿಮೆಯಾಗಿತ್ತು.

"ಯಾರೂ ಗಂಡಸ್ರು ಸಿಗ್ಲಿಲ್ವೇನಮ್ಮ?"

"ಸಿಕ್ತಾರ್ರೀ. ನಾನೇ ಮಾಡ್ಬೇಕಂತ."

ಅವರು ಇನ್ನೊಂದು ಹಿಡಿ ಅವರೆಕಾಯಿ ಎತ್ತಿಕೊಂಡರು.

ಕ್ಯಾಲಿಪರ್ ಕೂರುವ ಚೌಕಟ್ಟಿನ ಎರಡು ದೊಡ್ಡ ಬೋಲ್ಟುಗಳನ್ನು ತೆಗೆಯದೆ ಡಿಸ್ಕ್ ಬರುವುದಿಲ್ಲ. ಒಂದು ಬಂತು. ಇನ್ನೊಂದು ತುಕ್ಕು ಹಿಡಿದು ಕೂತಿತ್ತು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಕಾದೆ. ಮೈಭಾರವೆಲ್ಲ ಹಾಕಿದೆ. ಅಂಗೈ ಕೆಂಪಾಯಿತು, ಬೋಲ್ಟು ಮಿಸುಕಲಿಲ್ಲ. ಬಿಸಿಲು ಬೇರೆ ಏರಿತ್ತು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು. ಅರ್ಧ ಬಿಚ್ಚಿದ ಕಾರನ್ನು ಯಾರಿಗೆ ಒಪ್ಪಿಸಲಿ, ನಾಳೆ ಹಳ್ಳಿಗೆ ಹೇಗೆ ಹೋಗಲಿ ಎಂದು ನೆಲದ ಮೇಲೆ ಕುಳಿತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಬೆವರು ಎಂದು ಒರೆಸಿಕೊಂಡೆ.

ರಾಮಕ್ಕ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ಹಿತ್ತಲಿಗೆ ಹೋದರು. ಬರುವಾಗ ಕೈಯಲ್ಲಿ ಮೊಳದುದ್ದದ ಕಬ್ಬಿಣದ ಪೈಪಿನ ತುಂಡು.

"ಬೋರ್‌ವೆಲ್ ಪೈಪು. ಹಿಡಿಗೆ ಸಿಕ್ಸಿ ಉದ್ದ ಮಾಡ್ಕೋ. ತೋಟದಲ್ಲಿ ನಾವು ಹಂಗೇ ಬಿಚ್ಚೋದು."

ಪಾನಾದ ಹಿಡಿಗೆ ಪೈಪು ಸರಿಯಾಗಿ ಕೂತಿತು. ನಾನು ಮೇಲಕ್ಕೆ ಎಳೆದೆ, ಆಕೆ ನನ್ನ ಕೈಯ ಪಕ್ಕದಲ್ಲೇ ಕೈ ಹಾಕಿದರು. ಟಕ್ ಎಂದಿತು. ಅಷ್ಟು ಸಿಹಿಯಾದ ಸದ್ದನ್ನು ನಾನು ಆ ಊರಿನಲ್ಲಿ ಅಲ್ಲಿಯವರೆಗೆ ಕೇಳಿರಲಿಲ್ಲ.

"ವಚ್ಚೇಸಿಂದಿ!" ಎಂದು ರಾಮಕ್ಕ ತೆಲುಗಿನಲ್ಲೇ ಕೂಗಿದರು. ಬಂದುಬಿಡ್ತು ಅಂತ.

ಹಳೆಯ ಡಿಸ್ಕಿನ ಮೈತುಂಬ ನೇಗಿಲ ಸಾಲಿನಂತೆ ಗೀರು. ಒಳಗಡೆಯ ಪ್ಯಾಡಿನಲ್ಲಿ ಬರೀ ಕಬ್ಬಿಣ ಉಳಿದಿತ್ತು. ರಾಮಕ್ಕ ಅದನ್ನು ಬೆರಳಿನಿಂದ ಸವರಿ, "ಇದನ್ನ ನಂಬ್ಕೊಂಡು ನನ್ನ ಕೂರಿಸ್ಕೊಂಡು ಹೋಗಿದ್ಯಾ?" ಎಂದರು. "ತಪ್ಪಾತ್ರೀ" ಎಂದೆ. ಆ ಮಾತು ಹೇಳಲು ನನಗೆ ಅಷ್ಟು ದಿನ ಹಿಡಿದಿತ್ತು.

ಮಿಕ್ಕ ಕೆಲಸ ಸರಾಗವಾಗಿ ಸಾಗಿತು. ಡಿಸ್ಕ್ ಕೂರುವ ಜಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿದೆ, ಹೊಸ ಡಿಸ್ಕಿನ ಎಣ್ಣೆ ಜಿಡ್ಡು ತೆಗೆದೆ, ಬಡಗಿಯವರಿಂದ ತಂದ ಕ್ಲಾಂಪಿನಿಂದ ಕ್ಯಾಲಿಪರಿನಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದೆ. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಗ್ರೀಸ್ ಹಚ್ಚಿದೆ, ಪ್ಯಾಡಿನ ಮೈಗೆ ಒಂದು ಹನಿಯೂ ತಾಗದಂತೆ. ಬಿಗಿ ಎಷ್ಟು ಬೇಕೋ ಅಷ್ಟಾದಾಗ ಟಿಕ್ ಅನ್ನುವ ಪಾನಾವನ್ನೂ ಅಮ್ಜದ್ ಕೊಟ್ಟಿದ್ದರು. ಅದರಿಂದ ಬೋಲ್ಟುಗಳನ್ನು ಬಿಗಿದೆ. ಮೊದಲ ಚಕ್ರಕ್ಕೆ ಮಧ್ಯಾಹ್ನವಾಗಿತ್ತು. ಎರಡನೆಯದು ಊಟದ ನಂತರ ಶುರುವಾಗಿ ಕಾಫಿಯ ಹೊತ್ತಿಗೆ ಮುಗಿಯಿತು. ಕೈ ಕಲಿತಿತ್ತು.

ಕಾರು ಇಳಿಸಿ ಒಳಗೆ ಕುಳಿತು ಬ್ರೇಕ್ ಒತ್ತಿದೆ. ಪೆಡಲ್ ನೆಲಕ್ಕೆ ಹೋಯಿತು. ನನ್ನ ಜೀವವೂ ಅದರ ಜೊತೆ ಹೋಯಿತು. ಆಮೇಲೆ ಚೀಟಿಯ ಕೊನೆಯ ಸಾಲು ನೋಡಿದೆ, "ಗಾಡಿ ಅಲ್ಲಾಡಿಸೋ ಮುಂಚೆ ಪೆಡಲ್ ಒತ್ತಿ ಒತ್ತಿ ಬಿಡಿ." ಎರಡು, ಮೂರು, ನಾಲ್ಕು. ಕಾಲಿನ ಕೆಳಗೆ ಕಲ್ಲಿನಂತೆ ಗಟ್ಟಿಯಾಯಿತು. ಮನೆಗಳಿಲ್ಲದ ಬಡಾವಣೆಯ ರಸ್ತೆಯಲ್ಲಿ ಓಡಿಸುವುದು, ನಿಧಾನಕ್ಕೆ ನಿಲ್ಲಿಸುವುದು, ಹೀಗೆ ಸುಮಾರು ಸಲ ಮಾಡಿದೆ. ಸದ್ದಿಲ್ಲ, ನಡುಕವಿಲ್ಲ. ಒಬ್ಬಳೇ ನಕ್ಕೆ.

ಸಂಜೆ ಅಮ್ಜದ್ ಬಂದು ಎಡಗೈಯಲ್ಲೇ ಪರೀಕ್ಷೆ ಮಾಡಿದರು. ಎಡಚಕ್ರದ ಒಂದು ಪಿನ್ನಿನ ರಬ್ಬರು ಸರಿಯಾಗಿ ಕೂತಿಲ್ಲ ಎಂದು ತೋರಿಸಿದರು. ನಾನೇ ಸರಿಮಾಡಿದೆ. ಓಡಿಸಿ ನೋಡಿ ಇಳಿದವರು, "ನನ್ನ ಕೈ ಇನ್ನೊಂದು ತಿಂಗಳು ಹಿಂಗೇ ಇರ್ಲಿ ಬಿಡಿ. ಗ್ಯಾರೇಜು ನೀವೇ ನೋಡ್ಕೊಳ್ಳಿ" ಎಂದರು. ನನ್ನ ಪದವಿ ಪ್ರಮಾಣಪತ್ರ ಪಡೆದ ದಿನವೂ ನಾನು ಅಷ್ಟು ಎತ್ತರಕ್ಕೆ ಬೆಳೆದಿರಲಿಲ್ಲ. ವಾರದೊಳಗೆ ಸುದ್ದಿ ಹಳ್ಳಿಗಳಿಗೆ ಹೋಯಿತು. ಹಸು ತೋರಿಸಲು ಬಂದವರು ಮೊದಲು ಕಾರಿನ ಚಕ್ರದೊಳಗೆ ಇಣುಕುತ್ತಿದ್ದರು. ನಾನು ಸಂಕೋಚಪಡಲಿಲ್ಲ, ಎಲ್ಲವನ್ನೂ ಬಗ್ಗಿ ತೋರಿಸುತ್ತಿದ್ದೆ.

ಬ್ರೇಕು ಹಾಕಿದ ಮರುದಿನ, ಸೋಮವಾರ ಬೆಳಿಗ್ಗೆ ನಾನು ಹೊರಟಾಗ ರಾಮಕ್ಕ ತಮ್ಮ ಬುಟ್ಟಿ ಹಿಡಿದು ಕಾರಿನ ಮುಂದಿನ ಸೀಟಿನಲ್ಲಿ ಆಗಲೇ ಕುಳಿತಿದ್ದರು.

"ಬೇಗ ಬಾರಮ್ಮ. ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು."

ಕೆಲವು ತಿಂಗಳ ನಂತರ ರಜೆ ಸಿಕ್ಕಿ ಇಂಡಿಗೆ ಹೊರಟಾಗ, ಗೋಳಗುಮ್ಮಟ ನೋಡಬೇಕೆಂದು ಅವರೂ ಹೊರಟರು. ಬೆಳಗಿನಿಂದ ಸಂಜೆಯವರೆಗೆ ಅದೇ ಕಾರು, ಅದೇ ಬ್ರೇಕು. ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲಿ ನಿಂತು, "ಬರ್ರೀ ಅಕ್ಕಾರ, ಒಳಗ ಬಂದು ಕುಂದರ್ರಿ" ಎಂದಳು. ರಾಮಕ್ಕ ನನ್ನ ಮುಖ ನೋಡಿದರು. "ಕೂತ್ಕೊಳ್ಳಿ ಅಂತಾರೆ" ಎಂದೆ. ರಾಮಕ್ಕ ಹೇಳಿದ್ದಕ್ಕೆ ಅವ್ವ ನನ್ನ ಮುಖ ನೋಡಿದಳು. ಎರಡು ದಿನ ನಾನು ಕನ್ನಡವನ್ನು ಕನ್ನಡಕ್ಕೆ ಅನುವಾದ ಮಾಡುತ್ತಾ ಓಡಾಡಿದೆ. ಇಬ್ಬರೂ ಒಂದೇ ದೂರು ಹೇಳಿದರು. "ನೀ ಅವರ ಹಂಗ ಮಾತಾಡಾಕತ್ತಿಯಲ್ಲ" ಎಂದು ಅವ್ವ. "ಇಲ್ಲಿಗೆ ಬಂದ್ಮೇಲೆ ನಿನ್ ಮಾತೇ ಬೇರೆ ಆಗೋಯ್ತು" ಎಂದು ರಾಮಕ್ಕ.

ಹೊರಡುವ ಹಿಂದಿನ ಸಂಜೆ ನಾನು, ರಾಮಕ್ಕ ಅಡುಗೆಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಅವ್ವ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ ಕೇಳಿದಳು. "ಇನ್ನ ಎಷ್ಟ್ ದಿನಾ ಅಲ್ಲೇ ಇರಾಕಿ? ಇತ್ತಾಗ ಹೊಳ್ಳಿ ಬರಾಕಿ ಹೌದಿಲ್ಲೋ?"

ಇತ್ತ ಹಿಂತಿರುಗಿ ಬರಲು ವರ್ಗಾವಣೆಗೆ ಅರ್ಜಿ ಹಾಕುವ ಅವಕಾಶ ಆ ತಿಂಗಳು ಇತ್ತು. ನಾನು ಹಾಕಿರಲಿಲ್ಲ. ಹಾಕುವುದಿಲ್ಲ ಎಂದೂ ನಿರ್ಧರಿಸಿರಲಿಲ್ಲ.

"ಏನಂತಾರಮ್ಮ?" ಎಂದರು ರಾಮಕ್ಕ.

"ಇನ್ನೊಂದು ರೊಟ್ಟಿ ಹಾಕ್ಲಾ ಅಂತಾರೆ ಕಣಮ್ಮ."

"ಅರ್ಧ ಸಾಕು ಅನ್ನು."

ರೊಟ್ಟಿ, ಅರ್ಧ ಎಂಬ ಮಾತುಗಳು ಅವ್ವನಿಗೂ ತಿಳಿದವು, ತಾನು ಕೇಳಿದ್ದು ಅದಲ್ಲವೆಂಬುದೂ. ಅವಳು ಹಂಚಿನಿಂದ ತೆಗೆದ ಬಿಸಿ ರೊಟ್ಟಿಯನ್ನು ಎರಡಾಗಿ ಮುರಿದು, ಒಂದು ತುಂಡನ್ನು ರಾಮಕ್ಕನ ತಟ್ಟೆಗೂ ಇನ್ನೊಂದನ್ನು ನನ್ನ ತಟ್ಟೆಗೂ ಹಾಕಿದಳು.