ಹೊಳ್ಳಿ ಹೇಳು ಎನ್ನುವ ಹುಲಿಗೆಮ್ಮ

ಬೆಳಗಿನ ಐದೂವರೆ. ಗೋವಾದ ವಿಮಾನ ನಿಲ್ದಾಣವಿರುವ ದಾಬೋಲಿಮ್ ದಿಬ್ಬದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಸ್ತೆ ಬದಿಯ ಕಾಂಕ್ರೀಟು ಗುಂಡಿಯ ಮುಚ್ಚಳ ಸರಿಸಿ ಹುಲಿಗೆಮ್ಮ ಅದರೊಳಗೆ ಎದೆಮಟ್ಟ ಇಳಿದು ನಿಂತಿದ್ದಾರೆ. ಹಣೆಗೆ ದೀಪ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಎಡಗಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಹ್ಯಾಂಡ್‌ಸೆಟ್ಟು. ಎದುರಿಗೆ, ಹೊಟ್ಟೆ ಸೀಳಿದ ಕಪ್ಪು ಕೇಬಲ್ಲಿನಿಂದ ನಲವತ್ತು ಸಣ್ಣ ತಂತಿಗಳು ಹೊರಬಿದ್ದಿವೆ. ಎರಡನ್ನು ಹೆಕ್ಕಿ, ಹೆಬ್ಬೆರಳಿನಿಂದ ಕೆಸರು ಒರೆಸಿ, ಬಣ್ಣ ನೋಡಿ, ಹ್ಯಾಂಡ್‌ಸೆಟ್ಟಿನ ಕ್ಲಿಪ್ಪು ಕಚ್ಚಿಸುತ್ತಾರೆ.

“ನಾಕನೇ ಜೋಡಿ. ನಿನ್ನ ದನಿ ಕೇಳಾಕತ್ತೈತಿ. ಹೊಳ್ಳಿ ಹೇಳು.”

ಒಂದೂವರೆ ಕಿಲೋಮೀಟರ್ ಆಚೆ, ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಕೂತಿರುವ ಸಹಾಯಕಿ ದ್ರಾಕ್ಷಾಯಿಣಿ ಅದೇ ಮಾತನ್ನು ಅಕ್ಷರ ಬಿಡದೆ ತಿರುಗಿ ಒಪ್ಪಿಸುತ್ತಾಳೆ. ಒಪ್ಪಿಸುವ ತನಕ ಹುಲಿಗೆಮ್ಮ ಐದನೇ ಜೋಡಿಯನ್ನು ಮುಟ್ಟುವುದಿಲ್ಲ. ಗ್ಯಾಂಗಿನ ಗಂಡಸರು ಮೊದಮೊದಲು ಇದನ್ನೇ ಆಡಿಕೊಂಡು, ಚಹಾಕ್ಕೆ ಕರೆದರೂ ಹೊಳ್ಳಿ ಹೇಳಬೇಕೇನ್ರಿ ಅಕ್ಕಾರ ಎಂದು ಕೀಟಲೆ ಮಾಡುತ್ತಿದ್ದರಂತೆ. ಅವರ ಗಂಡ ಸತ್ತದ್ದು ಇಂಥದೇ ಗುಂಡಿಯಲ್ಲಿ ಎಂದು ಗೊತ್ತಾದ ದಿನದಿಂದ ಯಾರೂ ನಕ್ಕಿಲ್ಲ.

ಆಕಾಶದಲ್ಲಿರುವ ವಿಮಾನದೊಡನೆ ಮಾತಾಡಲು ರೇಡಿಯೊ ಇದೆ. ಆದರೆ ವಿಮಾನ ಇಳಿಸುವ ಗೋಪುರದವರು, ದೂರದಿಂದ ಬರುವ ವಿಮಾನಗಳನ್ನು ಸರದಿಗೆ ಹಚ್ಚುವವರು, ಹವಾಮಾನದವರು, ಬೆಂಕಿ ಆರಿಸುವವರು, ಗುಡ್ಡದ ಮೇಲಿನ ರೇಡಿಯೊ ಕೇಂದ್ರದವರು, ಇವರೆಲ್ಲ ತಮ್ಮತಮ್ಮೊಳಗೆ ಮಾತಾಡುವುದು ನೆಲದಡಿಯ ತಂತಿಯಲ್ಲಿ. ಅದರಲ್ಲೂ ಒಂದು ಲೈನು ಎಲ್ಲರಿಗೂ ಸೇರಿದ್ದು. ನಂಬರು ಒತ್ತಬೇಕಿಲ್ಲ, ಎತ್ತಿದರೆ ಸಾಕು, ಒಬ್ಬರಾಡಿದ್ದು ಎಲ್ಲ ಕಡೆಯೂ ಕೇಳುತ್ತದೆ. ಒಂದೇ ಬಾವಿಗೆ ಓಣಿಯ ಎಲ್ಲ ಮನೆಯವರೂ ಹಗ್ಗ ಬಿಟ್ಟಂತೆ. ಕೆಲಸಗಾರರು ಅದಕ್ಕೆ ಕೂಡು ಲೈನು ಎನ್ನುತ್ತಾರೆ. ಈಗ ಗಾಜಿನೆಳೆಯ ಕೇಬಲ್ಲು ಬಂದು ಹೆಚ್ಚಿನ ಮಾತೆಲ್ಲ ಅದರಲ್ಲೇ ಓಡುತ್ತದೆ. ಅದು ಕೈಕೊಟ್ಟರೆ ಇರಲಿ ಎಂದು ತಾಮ್ರದ ಲೈನನ್ನೂ ಜೀವಂತ ಇಟ್ಟಿರುತ್ತಾರೆ. ಆ ತಾಮ್ರವನ್ನು ಬೆಸೆಯಬಲ್ಲವರು ಈ ಭಾಗದಲ್ಲಿ ಬೆರಳೆಣಿಕೆಯಷ್ಟು, ಹೆಂಗಸರಲ್ಲಿ ನಾನು ಕಂಡದ್ದು ಇವರೊಬ್ಬರನ್ನೇ.

ಪತ್ರಿಕೆಗೆ ಅವರ ಬಗ್ಗೆ ಬರೆಯಬೇಕು ಎಂದು ಹೋದ ನನಗೆ ಮೊದಲ ದಿನವೇ ಒಂದು ಷರತ್ತು ಬಿತ್ತು. ತನ್ನ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದರೂ ಸರಿ, ಬಿಟ್ಟರೂ ಸರಿ. ಸತ್ತುಹೋದ ಗಂಡ ಮಾಂತೇಶನ ಬಗ್ಗೆ ಗುತ್ತಿಗೆದಾರರ ಕಾಗದವೊಂದರಲ್ಲಿ ಒಂದು ಸುಳ್ಳು ಸಾಲಿದೆ, ಅದು ಸುಳ್ಳೆಂದು ಬರೆಯಬೇಕು. ಇಂಗ್ಲಿಷಿನಲ್ಲಿರುವ ಆ ಸಾಲಿನ ಅರ್ಥ ಇಷ್ಟು: ‘ಕಾರ್ಮಿಕನು ವಿದ್ಯುತ್ ನಿಂತಿದೆಯೇ ಎಂದು ಯಾರನ್ನೂ ಕೇಳದೆ ಪಂಪಿಗೆ ಕೈ ಹಾಕಿದ್ದಾನೆ.’

ಹುಲಿಗೆಮ್ಮ ಹುನಗುಂದದ ಕಡೆಯವರು. ವಯಸ್ಸು ನಲವತ್ತನಾಲ್ಕು. ಮದುವೆಯಾಗಿ ಝುವಾರಿನಗರದ ಸಿಮೆಂಟು ಶೀಟಿನ ಮನೆಗೆ ಬಂದಾಗ ಮಾಂತೇಶ ಕೇಬಲ್ಲಿಗೆ ಕಾಲುವೆ ತೋಡುತ್ತಿದ್ದರು. ಆಮೇಲೆ ಕಂಠೆಪ್ಪ ಎಂಬ ಹಿರಿಯ ಜಾಯಿಂಟರ್ ಕೈಕೆಳಗೆ ತಂತಿ ಬೆಸೆಯುವುದನ್ನು ಕಲಿತರು. ಗುಂಡಿ ತೋಡುವವನು ಗುಂಡಿಯಲ್ಲಿ ಕೂರುವವನಾಗಿ ಬಡ್ತಿ ಪಡೆದ ಎಂದು ಮಾಂತೇಶ ತಾವೇ ನಗೆಯಾಡುತ್ತಿದ್ದರಂತೆ. ಗಂಡನ ತಲೆಯ ಮೇಲೆ ಛತ್ರಿ ಹಿಡಿದು ನಿಂತ ಹೆಂಡತಿ ನೋಡನೋಡುತ್ತಲೇ ಬಣ್ಣಗಳ ಲೆಕ್ಕ ಕಲಿತರು. ಬಿಳಿಯ ಜೊತೆ ನೀಲಿ, ಬಿಳಿಯ ಜೊತೆ ಕೇಸರಿ, ಹಸಿರು, ಕಂದು, ಬೂದಿ. ದೊಡ್ಡ ಕೇಬಲ್ಲುಗಳಲ್ಲಿ ಬರುವ ನೇರಳೆಗೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ, ಹುಲಿಗೆಮ್ಮನಿಗೆ ಅದು ಬದನೀಕಾಯಿ ಬಣ್ಣ.

ಒಂದು ಜಾಯಿಂಟಿಗೆ ನಲವತ್ತು ತಂತಿ, ಎರಡೂ ಬದಿ ಸೇರಿದರೆ ಎಂಬತ್ತು ತುದಿ. ಒಣ ದಿನಗಳಲ್ಲಿ ದಿನಕ್ಕೆ ಎರಡು ಜಾಯಿಂಟು ಮುಗಿಯುತ್ತವೆ, ಮಳೆಗಾಲದಲ್ಲಿ ಒಂದಾದರೆ ಪುಣ್ಯ. ಈಗ ಹಿಡಿದಿರುವ ಲೈನಿಗೆ ಹನ್ನೊಂದು ಗುಂಡಿ. ಗುಂಡಿಯಲ್ಲಿ ಹಾವಿರುತ್ತದೆ, ಗಟಾರದ ನೀರಿರುತ್ತದೆ, ಒಮ್ಮೊಮ್ಮೆ ಉಸಿರು ಕಟ್ಟಿಸುವ ಗಾಳಿ ಇರುತ್ತದೆ, ಮುಚ್ಚಳ ತೆಗೆದು ಅರ್ಧ ತಾಸು ಕಾಯಬೇಕು. ಹತ್ತು ಗಂಟೆಯ ತನಕ ಹುಲಿಗೆಮ್ಮ ಒಂದು ಗುಟುಕು ನೀರು ಕುಡಿಯುವುದಿಲ್ಲ. ರಸ್ತೆ ಬದಿಯಲ್ಲಿ ಕೆಲಸ ಮಾಡುವ ಹೆಂಗಸು ನೀರು ಕುಡಿದರೆ ಎಲ್ಲಿಗೆ ಹೋಗಬೇಕು ಎಂದು ಟೆಂಡರು ಬರೆಯುವವರು ಯೋಚಿಸಿದಂತಿಲ್ಲ.

ಎರಡು ವರ್ಷದ ಹಿಂದಿನ ಜುಲೈ. ವೆರ್ಣಾ ಕಡೆಯ ರಸ್ತೆಯಲ್ಲಿ ಇಂಥದೇ ಒಂದು ಗುಂಡಿ, ಇಂಥದೇ ಒಂದು ಕೂಡು ಲೈನು. ಎರಡು ದಿನ ಒದ್ದಾಡಿದರೂ ಆಚೆ ತುದಿಯ ದನಿ ಬಂದಿರಲಿಲ್ಲ. ಗುಂಡಿಯಲ್ಲಿ ಮಳೆ ನೀರು. ಪಕ್ಕದ ಪಂಕ್ಚರ್ ಅಂಗಡಿಯ ಪರ್ವೇಜನನ್ನು ಕೇಳಿ, ಅವನ ಗೋಡೆಯ ಬೋರ್ಡಿನಿಂದ ಕರೆಂಟು ಎಳೆದು ನೀರೆತ್ತುವ ಪಂಪು ಹಚ್ಚಿದ್ದರು. ಪಂಪಿನ ವೈರಿಗೆ ಮೂರು ಕಡೆ ಟೇಪು ಸುತ್ತಿತ್ತು. ಗುತ್ತಿಗೆದಾರರು ಕೊಟ್ಟಿದ್ದೇ ಅದನ್ನು. ಹುಲಿಗೆಮ್ಮ ಅಂಗಡಿಯ ತಗಡಿನ ಕೆಳಗೆ, ಸ್ವಿಚ್ಚಿನ ಪಕ್ಕ ನಿಂತಿದ್ದರು. ಗುಂಡಿಯಿಂದ ಉದ್ದ ವೈರು ಎಳೆದುಕೊಂಡು ಹ್ಯಾಂಡ್‌ಸೆಟ್ಟನ್ನು ಒಂದು ಕಿವಿಗೆ ಒತ್ತಿಕೊಂಡಿದ್ದರು. ಸ್ವಿಚ್ಚು ಹಾಕುವುದು, ಆರಿಸುವುದು ಅವರದೇ ಕೆಲಸವಾಗಿತ್ತು.

ಪ್ಲಾಸ್ಟಿಕ್ ಚೀಲ ಸಿಕ್ಕಿ ಪಂಪು ನಿಂತಿತು. ತಿರುಗುವುದು ನಿಂತಿತೇ ಹೊರತು ಕರೆಂಟು ಹರಿಯುತ್ತಲೇ ಇತ್ತು. ಮಾಂತೇಶ ಕಬ್ಬಿಣದ ಏಣಿಯ ಮೇಲೆ ನಿಂತೇ, ಪಂಪಿನ ಕಡೆ ಬಗ್ಗುವ ಮೊದಲು ಮೇಲಕ್ಕೆ ಕೂಗಿ ಕೇಳಿದರು. “ಬಂದೈತೇನ?”

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬಂದ್ ಐತೇನ ಎಂದರೆ ಸ್ವಿಚ್ಚು ಆರಿಸಿದೆಯೇ ಎಂದರ್ಥ. ಬಂದು ಐತೇನ ಎಂದರೆ ಬಂದಿದೆಯೇ, ದನಿ ಬಂತೇ ಎಂದರ್ಥ. ಎರಡೂ ನಮ್ಮ ಕಡೆಯವರ ಬಾಯಲ್ಲಿ ಒಂದೇ: ಬಂದೈತೇನ. ಶಾಲೆಯಲ್ಲಿ ನಾವು ಲೋಪಸಂಧಿ, ಆಗಮಸಂಧಿ ಎಂದು ಗಿಳಿಪಾಠ ಒಪ್ಪಿಸಿ ಅಂಕ ಗಿಟ್ಟಿಸಿದವರು. ಒಂದು ಸಂಧಿ ಮನುಷ್ಯನ ಜೀವ ತೆಗೆದೀತು ಎಂದು ಯಾವ ಮೇಷ್ಟರೂ ಹೇಳಿರಲಿಲ್ಲ.

ಮಾಂತೇಶ ಕೇಳಿದ್ದು ಕರೆಂಟಿನ ಬಗ್ಗೆ. ಅದೇ ಗಳಿಗೆಗೆ, ಎರಡು ದಿನ ಸತ್ತಂತಿದ್ದ ಹ್ಯಾಂಡ್‌ಸೆಟ್ಟಿನಲ್ಲಿ ಆಚೆ ತುದಿಯವನ ಹಲೋ ಕೇಳಿಸಿತು. ಹುಲಿಗೆಮ್ಮನಿಗೆ ಖುಷಿಯಾಯಿತು. ದನಿ ಬಂತೇ ಎಂದು ಗಂಡ ಕೇಳುತ್ತಿದ್ದಾರೆಂದೇ ತಿಳಿದರು. “ಬಂದೈತಿ” ಎಂದರು. ಎರಡು ಸಲ ಹೇಳಿದರಂತೆ. ಕರೆಂಟು ಬಂದ್ ಆಗಿದೆ ಎಂದು ತಿಳಿದು ಮಾಂತೇಶ ಪಂಪಿಗೆ ಕೈ ಹಾಕಿದರು. ಅಂಗಡಿಯೊಳಗಿನಿಂದ ಪರ್ವೇಜ ಓಡಿ ಬಂದು ಸ್ವಿಚ್ಚು ಆರಿಸಿದಾಗ ಹೊತ್ತು ಮೀರಿತ್ತು. ಅವನಿಗೆ ಕೇಳಿಸಿದ್ದು ಚೀರಾಟ ಮಾತ್ರ, ಅದರ ಮೊದಲಿನ ಪ್ರಶ್ನೆ ಹುಲಿಗೆಮ್ಮನ ಕಿವಿಯೊಂದಕ್ಕೇ ಬಿದ್ದಿತ್ತು.

ಮೂರನೇ ದಿನ ಗುತ್ತಿಗೆದಾರರ ಕಡೆಯವರು ಒಂದು ಇಂಗ್ಲಿಷ್ ಕಾಗದ ತಂದರು. ಎಲ್ಲಿ ಬೆರಳಿಟ್ಟು ತೋರಿಸಿದರೋ ಅಲ್ಲಿ ಹುಲಿಗೆಮ್ಮ ಕನ್ನಡದಲ್ಲಿ ಸಹಿ ಮಾಡಿದರು. ಅದರಲ್ಲಿ ಟೇಪು ಸುತ್ತಿದ ವೈರಿನ ಮಾತಿಲ್ಲ. ಮಳೆಯಲ್ಲಿ ಬೀದಿ ಅಂಗಡಿಯ ಕರೆಂಟಿಗೆ ಯಾಕೆ ಕೈಚಾಚಬೇಕಾಯಿತು ಎಂಬ ಮಾತೂ ಇಲ್ಲ. ಒಬ್ಬ ಸತ್ತವನು, ಅವನದೇ ತಪ್ಪು, ಅಲ್ಲಿಗೆ ಮುಗಿಯಿತು. ಸತ್ತವರು ಎದ್ದು ಬಂದು ತಕರಾರು ಹೇಳುವುದಿಲ್ಲ ಎಂಬುದು ಇಂಥ ಕಾಗದ ಬರೆಯುವವರಿಗೆ ಚೆನ್ನಾಗಿ ಗೊತ್ತು. ಓದಿ ನನಗೆ ಸಿಟ್ಟು ಬಂತು, ಈಗಲೂ ಇಳಿದಿಲ್ಲ.

ಇನ್ನೊಬ್ಬ ಗುತ್ತಿಗೆದಾರರ ಬಳಿ ಹುಲಿಗೆಮ್ಮ ಗಂಡನ ಕೆಲಸಕ್ಕೇ ಸೇರಿದರು. ಅಲ್ಲಿ ಲೈನುಗಳ ಉಸ್ತುವಾರಿ ನೋಡುವ ತಮನ್ನಾ ಎಂಬ ಎಳೆವಯಸ್ಸಿನ ಇಂಜಿನಿಯರ್ ಒಂದು ದಿನ ಆ ಕಾಗದವನ್ನು ಓದಿ ಅರ್ಥ ಹೇಳಿದರು. ಆ ದಿನವೇ ಮಾತಿನ ನಡುವೆ ಗೋಪುರದವರ ಪದ್ಧತಿಯನ್ನೂ ವಿವರಿಸಿದರು. ಅಲ್ಲಿ ಎರಡರ್ಥದ ಪದ ಬಳಸುವಂತಿಲ್ಲ, ಮುಖ್ಯವಾದ ಸೂಚನೆಯನ್ನು ಕೇಳಿಸಿಕೊಂಡವರು ತಿರುಗಿ ಹೇಳಲೇಬೇಕು, ಹೇಳಿದ್ದು ತಪ್ಪಾಗಿದ್ದರೆ ಅಲ್ಲೇ ತಿದ್ದುತ್ತಾರೆ. ಹುಲಿಗೆಮ್ಮ ಒಂದೇ ಮಾತು ಕೇಳಿದರಂತೆ. ಅದನ್ನು ನನ್ನ ಮುಂದೆಯೂ ಕೇಳಿದರು.

“ಮ್ಯಾಲೆ ಹಾರಾವರಿಗೆ ಇಷ್ಟ ಚಲೋ ಪದ್ಧತಿ ಮಾಡ್ಯಾರ. ಕೆಳಗ ಗುಂಡಿಯೊಳಗ ಇಳಿಯಾವರಿಗೆ ಯಾಕ ಯಾರೂ ಹೇಳಲಿಲ್ರಿ?”

ತಮನ್ನಾ ವಿವರಿಸಿದ ಮರುದಿನದಿಂದ ಅವರ ಗುಂಡಿಯ ಹತ್ತಿರ ‘ಬಂದೈತಿ’ ಎಂಬ ಪದಕ್ಕೆ ಜಾಗವಿಲ್ಲ. ಕರೆಂಟು ಹರಿಯುತ್ತಿದೆ, ಕರೆಂಟು ತೆಗೆದಿದೆ, ದನಿ ಕೇಳುತ್ತದೆ, ದನಿ ಕೇಳುವುದಿಲ್ಲ, ಈ ನಾಲ್ಕರಲ್ಲೇ ಮಾತು ಮುಗಿಯಬೇಕು, ನಾಲ್ಕನ್ನೂ ಹೊಳ್ಳಿ ಹೇಳಬೇಕು.

ಕಾಗದ ತಿದ್ದಿಸಲು ಅವರು ಹಳೆಯ ಗುತ್ತಿಗೆದಾರರ ಕಚೇರಿಗೆ ಮೂರು ಸಲ ಹೋಗಿದ್ದಾರೆ. ಮೂರು ಸಲವೂ ಗುಮಾಸ್ತ ಅದೇ ಪ್ರಶ್ನೆ ಕೇಳಿದ್ದಾನೆ. ಗಂಡ ಕೇಳಿದ್ದ ಎನ್ನುತ್ತೀಯಲ್ಲ, ಹಾಗಾದರೆ ಬಂದ್ ಆಗಿದೆ ಎಂದು ಉತ್ತರ ಕೊಟ್ಟವರು ಯಾರು? ಅಲ್ಲಿಗೆ ಹುಲಿಗೆಮ್ಮನ ಬಾಯಿ ಕಟ್ಟಿಹೋಗುತ್ತದೆ. ಇನ್ನೊಮ್ಮೆ ಬರ್ತೇನ್ರಿ ಎಂದು ಎದ್ದು ಬರುತ್ತಾರೆ.

ಬಾಯಿ ಕಟ್ಟುವುದು ಗುಮಾಸ್ತನ ಹೆದರಿಕೆಗಲ್ಲ. ಮನೆಯಲ್ಲಿ ಅತ್ತೆ ಬಾಳಮ್ಮ ಇದ್ದಾರೆ. ಎಪ್ಪತ್ತು ದಾಟಿದ ಜೀವ, ಸೊಸೆಯನ್ನು ಮಗಳಂತೆ ನೋಡಿಕೊಂಡವರು. ನಸುಕಿಗೆ ಎದ್ದು ರೊಟ್ಟಿ ಬಡಿದು ಸೊಸೆಯ ಬುತ್ತಿ ಕಟ್ಟುವವರು ಅವರೇ. ಕಾಗದದ ಮಾತನ್ನು ಖರೇ ಎಂದೇ ನಂಬಿ, ಸತ್ತ ಮಗನನ್ನು ದಿನಾಲೂ ಬೈಯುತ್ತಾರೆ. ನಾನು ಹೋದಾಗಲೂ ಬೈದರು. “ಒಂದ ಮಾತ ಕೇಳಿದ್ರ ಅಂವನ ಗಂಟ ಏನ ಹೋಗ್ತಿತ್ತರಿ? ಮೊದಲಿಂದನೂ ಗಡಿಬಿಡಿ ಹುಡುಗ.” ಹುಲಿಗೆಮ್ಮ ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದರು. ಆ ಬೈಗುಳ ನಿಲ್ಲಬೇಕು. ನಿಲ್ಲಿಸಬಹುದಾದ ಮಾತು ಅವರೊಬ್ಬರಲ್ಲೇ ಇದೆ. ಅದನ್ನು ಆಡಿದರೆ ಈ ಮನೆಯಲ್ಲಿ ತನಗೆ ಏನು ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ.

ನನ್ನ ಜೀವ ತಡೆಯಲಿಲ್ಲ. ಮನೆಯಿಂದ ಹೊರಬಂದ ಮೇಲೆ, ಮಾಂತೇಶ ಕೇಳಿದ್ದರು ಎಂದಷ್ಟೇ ಬರೆದು ಉತ್ತರ ಕೊಟ್ಟವರ ವಿಷಯ ಬಿಟ್ಟುಬಿಡಲೇ ಎಂದೆ. ಪೂರ್ತಿ ಬರೆದರೂ ಅತ್ತೆಗೆ ಓದಲು ಬರುವುದಿಲ್ಲವಲ್ಲ ಎಂದೂ ಅಂದೆ. ಓದಿ ಹೇಳುವವರು ಓಣಿ ತುಂಬ ಇದ್ದಾರೆ ಎಂದರು ಹುಲಿಗೆಮ್ಮ. ಆಮೇಲೆ ಸ್ವಲ್ಪ ಬಿರುಸಾಗಿಯೇ ಹೇಳಿದರು.

“ಅಂವ ಕೇಳಿದ್ದ ಅಂದಮ್ಯಾಲೆ ಯಾರರೆ ಹೇಳಿರಬೇಕಲ್ರಿ. ಅರ್ಧಾ ಬರದ್ರ ಅದೂ ಸುಳ್ಳ ಆಕ್ಕೈತಿ. ಅವರ ಕಾಗದಕ್ಕೂ ನಿಮ್ಮ ಪೇಪರಿಗೂ ಏನ ಫರಕ?”

ತಪ್ಪು ಒಂದು ಪದದ್ದಲ್ಲ, ಹರಿದ ವೈರು ಕೊಟ್ಟವರದು ಎಂದು ನಾನು ವಾದಿಸಿದೆ. ಅದನ್ನೂ ಬರೆಯಿರಿ ಎಂದರು. ಇಷ್ಟಾದರೂ ಒಂದು ವಾರ ತಡೆಯಲು ಕೇಳಿಕೊಂಡರು. ಬೇರೆಯವರ ಬಾಯಿಂದ ಅತ್ತೆಗೆ ತಿಳಿಯಬಾರದು, ತಾನೇ ಹೇಳಬೇಕು.

ಈ ಗುರುವಾರ ಬೆಳಿಗ್ಗೆ, ಏಳನೇ ಗುಂಡಿಯ ಕೆಲಸ ಮುಗಿಸಿ ಫೋನ್ ಮಾಡಿದರು. ದನಿ ಸೋತಿತ್ತು. ಆ ದಿನ ಬುತ್ತಿ ತಾವೇ ಕಟ್ಟಿಕೊಂಡು ಬಂದಿದ್ದರಂತೆ.

“ಹೇಳೀನ್ರಿ. ಅತ್ತಿ ಮಗನ್ನ ಬೈಯೂದು ಬಿಟ್ಟಾಳ. ನನ್ನೂ ಬೈದಿಲ್ಲ. ಮೂರ ದಿನಾ ಆತು, ನನ್ನ ಕೂಡ ಮಾತಾಡವಲ್ಲಳು.” ಗುಂಡಿಯ ಮುಚ್ಚಳ ಎಳೆದು ಮುಚ್ಚಿದ ಸದ್ದಾಯಿತು. “ಇರಲಿ. ನೀವು ಬರೀರಿ. ಅಂವ ಕೇಳಿದ್ದ. ಕೇಳೇ ಕೈ ಹಾಕಿದ್ದ.”